ಭಾವನಿಗೊಂದು ‘ಹೂಂ’

ನನ್ನ ಭಾವ ಎರಡನೇ ಮಹಾಯುದ್ಧ ಮಾಡಿ ಬಂದವರು. ಅವರು ಹುಟ್ಟಿದ್ದು ಆ ಯುದ್ಧ ಮುಗಿದು ಮೂವತ್ತು ವರ್ಷಗಳ ಮೇಲೆ ಎಂಬುದೊಂದೇ ಸಣ್ಣ ತೊಡಕು!

ಆದರೆ ಅವರ ವರ್ಣನೆ ಕೇಳಿದವರು ಈ ತೊಡಕನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಯುದ್ಧಕ್ಕೆ ನಿಜವಾಗಿ ಹೋದವರು ನನ್ನ ಅಜ್ಜ, ಅಮ್ಮನ ಅಪ್ಪ. ಕಾಲಾಳು ಪಡೆಯಲ್ಲಿ ಸಿಗ್ನಲರ್ ಆಗಿದ್ದರು. ಬೆನ್ನಿಗೆ ತಂತಿಯ ಸುರುಳಿ ಹೊತ್ತು ಈಜಿಪ್ಟು, ಲಿಬಿಯಾ, ಇಟಲಿ ಎಂದು ಅಲೆಯುತ್ತ, ಒಂದು ತುಕಡಿಯ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಕೆಲಸ. ಭಾವ ಎಂದರೆ ನನ್ನ ಅಕ್ಕನ ಗಂಡ. ಈಗ ನೀವೇ ಹೇಳಿ, ಅಜ್ಜ ಯಾರಿಗೆ ಸೇರಬೇಕು?

ನಮ್ಮದು ಅಳಿಯಸಂತಾನದ ಮನೆ, ಆಸ್ತಿಯೆಲ್ಲ ಹೆಣ್ಣಿನ ವಂಶಕ್ಕೆ. ಅಕ್ಕನ ಗಂಡನಿಗೆ ಅಲ್ಲಿ ಊಟ ಉಂಟು, ಪಾಲಿಲ್ಲ. ಭಾವ ಪಾಲು ಕೇಳಲೂ ಇಲ್ಲ. ಸೀದಾ ಅಜ್ಜನನ್ನೇ ಹೊಡೆದುಕೊಂಡು ಹೋದರು!

ಆದದ್ದು ಇಷ್ಟೇ. ಅಕ್ಕನ ಮದುವೆಯಾದ ತಿಂಗಳಲ್ಲೇ ನಾನು ದುಬೈ ವಿಮಾನ ಹತ್ತಿದೆ. ಭಾವನಿಗೆ ವೀಸಾ ಬರಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಅವರು ನಮ್ಮ ಮನೆಯ ಜಗಲಿಯಲ್ಲಿ ಅಜ್ಜನ ಪಕ್ಕ ಕೂತರು. ಅಜ್ಜ ಹೇಳಿದರು, ಇವರು ಕೇಳಿದರು. ಆಮೇಲೆ ಅಜ್ಜ ತೀರಿಕೊಂಡರು. ನನಗೆ ರಜೆ ಸಿಗಲಿಲ್ಲ. ಭಾವ ಅಕ್ಕನನ್ನೂ ಕರೆದುಕೊಂಡು, ಅಜ್ಜನ ಯುದ್ಧವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು, ದುಬೈಯಲ್ಲಿ ನಾನಿರುವ ಕರಾಮಕ್ಕೇ ಬಂದಿಳಿದರು. ಈಗ ಅಲ್ ಕೂಜಿನ ಒಂದು ಗೋದಾಮಿನಲ್ಲಿ ಕೇಬಲ್ ಸುರುಳಿಗಳಿಗೆ ಅವರೇ ಮೇಲ್ವಿಚಾರಕರು. ಬೇರೆ ಏನಾಗಬೇಕಿತ್ತು?

ಅವರಿಗೊಂದು ಹುಚ್ಚು. ಏನೇ ಹೇಳಲಿ, ಎದುರಿನವರು ‘ಹೂಂ’ ಅನ್ನಲೇಬೇಕು. ಅನ್ನದಿದ್ದರೆ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಒಮ್ಮೆ ಕರಾಮದ ಹೋಟೆಲಿನಲ್ಲಿ ಸಪ್ಲೈಯರ್ ಹೊಸಬ, ಮಾತೇ ಇಲ್ಲದ ಮನುಷ್ಯ. “ಎರಡು ಪ್ಲೇಟ್ ನೀರು ದೋಸೆ” ಎಂದರು ಭಾವ. ಆತ ಸುಮ್ಮನೆ ಬರೆದುಕೊಂಡ. “ಎರಡು ಪ್ಲೇಟ್ ನೀರು ದೋಸೆ!” ಆತ ಮತ್ತೆ ಬರೆದುಕೊಂಡ. ಮೂರನೆಯ ಸಲಕ್ಕೆ ನಾನೇ ‘ಹೂಂ’ ಎಂದು ಕೂಗಬೇಕೆನ್ನುವಷ್ಟರಲ್ಲಿ ಆತ ಒಳಗೆ ಹೋಗಿಯಾಗಿತ್ತು. ಆರು ಪ್ಲೇಟ್ ಬಂತು! ನಾಲ್ಕು ನಾನೇ ತಿಂದೆ. ಹೊಟ್ಟೆಕಿಚ್ಚಿನವನಿಗೆ ಹಸಿವು ಜಾಸ್ತಿ ನೋಡಿ.

ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡುವುದೇನು?

ಅವರು ಹೇಳುವುದು ಒಂದೇ ಕತೆ. ಇಷ್ಟು ವರ್ಷದಲ್ಲಿ ಎರಡನೆಯದನ್ನು ನಾನು ಕೇಳಿಲ್ಲ. ಲಿಬಿಯಾದ ಮರಳುಗಾಳಿ. ಮುಂದಿನ ತುಕಡಿಗೆ ಹೋಗುವ ಫೋನಿನ ತಂತಿ ಶೆಲ್ ಬಿದ್ದು ಕಡಿದಿದೆ. ಕಣ್ಣು ಬಿಡಲಾಗದ ಗಾಳಿಯಲ್ಲಿ ಅಜ್ಜ ತಂತಿಯನ್ನು ಎಡ ಅಂಗೈಯಲ್ಲಿ ಜಾರಿಸುತ್ತ ತೆವಳುತ್ತಾರೆ. ಅಂಗೈ ಸೀಳಿ ರಕ್ತ. ತಂತಿ ಮುಗಿಯುತ್ತದೆ, ಇನ್ನೊಂದು ತುದಿ ಎಲ್ಲೋ ಹಾರಿಹೋಗಿದೆ. ಹುಡುಕಿ, ಹಲ್ಲಿನಿಂದ ಸುಲಿದು, ಗಂಟು ಹಾಕಿದ್ದೇ ತಡ, ಜೀವ ಒತ್ತೆಯಿಟ್ಟು ಜೋಡಿಸಿದ ಆ ತಂತಿಯಲ್ಲಿ ಹಾದುಹೋದ ಮೊದಲ ಸುದ್ದಿ ಯಾವುದು ಗೊತ್ತೇ? ‘ಚಹಾಕ್ಕೆ ಸಕ್ಕರೆ ಮುಗಿದಿದೆ, ಕಳಿಸಿ!’

“ಸುದ್ದಿ ದೊಡ್ಡದಾ ಸಣ್ಣದಾ ನೋಡುದು ಸಿಗ್ನಲರಿನ ಕೆಲಸ ಅಲ್ಲ. ಮುಟ್ಟಿಸುದು ಮಾತ್ರ” ಎಂದು ಭಾವ ಮುಗಿಸುತ್ತಾರೆ. ಎಲ್ಲರೂ ನಗುತ್ತಾರೆ, ‘ಹೂಂ’ ಎನ್ನುತ್ತಾರೆ. ಭಾವ ಮಾತ್ರ ನನ್ನ ಮುಖವನ್ನೇ ನೋಡುತ್ತ ಕಾಯುತ್ತಾರೆ. ನಾನು ಎ.ಸಿ.ಯ ಕಡೆ ನೋಡುತ್ತೇನೆ.

ಅಜ್ಜನ ಎಡ ಅಂಗೈಯ ಆ ಗೆರೆ ನಾನೂ ಕಂಡದ್ದೇ. ಅದೇ ಕೈ ಹಿಡಿದು ಶಾಲೆಗೆ ಹೋದವನು ನಾನು. ಕತ್ತಿ ತಾಗಿದ್ದಿರಬೇಕು ಎಂದುಕೊಂಡಿದ್ದೆ. ಕೇಳಲಿಲ್ಲ. ಅಜ್ಜ ಯುದ್ಧದ ಮಾತು ತೆಗೆದರೆ ಸಾಕು, ಬ್ಯಾಟು ಹಿಡಿದು ಓಡುತ್ತಿದ್ದೆ. ಈಗ ಭಾವನ ಬಾಯಿಂದ ಕೇಳುವಾಗ ಮೈಯೆಲ್ಲ ಉರಿಯುತ್ತದೆ.

ಕಳೆದ ವರ್ಷ ನಮ್ಮೂರಿನವರ ಸಂಘದ ಕಾರ್ಯಕ್ರಮದಲ್ಲಿ ಭಾವನನ್ನು ವೇದಿಕೆಗೆ ಕರೆದು ಈ ಕತೆ ಹೇಳಿಸಿದರು. ಶಾಲು, ಹಾರ, ಮೈಸೂರು ಪೇಟ! ನಿರೂಪಕರು ಅವರನ್ನು ‘ಯೋಧನ ಮೊಮ್ಮಗ’ ಎಂದರು. ಭಾವ ತಲೆ ಅಲ್ಲಾಡಿಸಿ ಮೈಕಿನಲ್ಲೇ, “ಅಲ್ಲ, ಅಲ್ಲ, ಮೊಮ್ಮಗ ಅಲ್ಲಿದ್ದಾನೆ” ಎಂದು ಮೂರನೇ ಸಾಲಿನಲ್ಲಿದ್ದ ನನ್ನನ್ನು ತೋರಿಸಿದರು. ಜನರೆಲ್ಲ ತಿರುಗಿ ನೋಡಿದಾಗ ನನ್ನ ಬಾಯಿ ತುಂಬ ಸಮೋಸ!

ನನ್ನ ಮಗಳದ್ದು ಇನ್ನೊಂದು ಪ್ರಸಂಗ. ಶಾಲೆಯಲ್ಲಿ ಮನೆಯ ಹಿರಿಯರೊಬ್ಬರ ಬಗ್ಗೆ ಬರೆಯಬೇಕಿತ್ತು. ನಾನು ಕುರ್ಚಿ ಎಳೆದು ಕೂತು, “ಬರ್ಕೊ ಮಗಾ” ಎಂದೆ.

“ಪಪ್ಪಾ, ಯು ಡೋಂಟ್ ನೋ. ಮಾವ ನೋಸ್.”

ಅವಳ ಮಾವ, ಅಂದರೆ ನನ್ನ ಇದೇ ಭಾವ, ಬಂದರು, ಅದೇ ಕತೆ ಹೇಳಿದರು, ನನ್ನ ಮುಖ ನೋಡಿದರು. ನಾನು ಎ.ಸಿ. ನೋಡಿದೆ.

“ನೀನು ಇರುವಾಗ ಮಾತ್ರ ಇವ್ರಿಗೆ ಈ ಕತೆ ಬರುದು ಮಾರಾಯ” ಎಂದು ಅಕ್ಕ ಒಮ್ಮೆ ಹೇಳಿದ್ದಳು. ನನ್ನನ್ನು ಉರಿಸಲಿಕ್ಕೇ ಹೇಳುತ್ತಾರೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮೊನ್ನೆ ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಕೋರಿ ರೊಟ್ಟಿ ಮುಗಿದು ಕೈ ತೊಳೆಯುವಷ್ಟರಲ್ಲಿ ಭಾವ ಶುರುಮಾಡಿದರು. ಮರಳುಗಾಳಿ, ತಂತಿ, ಸಕ್ಕರೆ. ಆಮೇಲೆ ನನ್ನ ಮುಖ.

“ಭಾವ, ಖಲಾಸ್!” ನಾನು ಎದ್ದು ನಿಂತೆ. “ಸಾಕು ಮಾರಾಯ್ರೆ! ಅವ್ರು ನನ್ನ ಅಜ್ಜ. ನಿಮ್ಮ ಅಜ್ಜ ಅಲ್ಲ.”

ಅಕ್ಕ ಬಟ್ಟಲು ಹಿಡಿದಲ್ಲೇ ನಿಂತಳು. ಭಾವನಿಗೆ ಸಿಟ್ಟು ಬರಲಿಲ್ಲ.

“ನನ್ನ ಅಜ್ಜ ಅಂತ ನಾನು ಯಾವಾಗ ಹೇಳಿದ್ದು? ನಾನು ನಡುಗುಡ್ಡೆಯವ ಅಷ್ಟೇ.”

“ಎಂತ ನಡುಗುಡ್ಡೆ?”

“ಇಟಲಿಯಲ್ಲಿ ಈ ಗುಡ್ಡೆಯ ಪಡೆಗೆ ಆ ಗುಡ್ಡೆಯದ್ದು ಕಾಣ್ತಿರ್ಲಿಲ್ಲ. ಅಜ್ಜನನ್ನು ನಡುವಿನ ಗುಡ್ಡೆಯಲ್ಲಿ ನಿಲ್ಲಿಸಿದ್ರು. ಇಲ್ಲಿಯ ದೀಪ ನೋಡಿ ಅಲ್ಲಿಗೆ ದೀಪ ಹಾಕ್ಬೇಕು. ಒಂದೊಂದು ಮಾತಿಗೂ ಆಚೆಯಿಂದ ಒಂದು ಉದ್ದದ ಬೆಳಕು ಬರ್ಬೇಕು, ಮುಟ್ಟಿತು ಅಂತ. ಬರದಿದ್ರೆ ಅದೇ ಮಾತು ಮತ್ತೆ. ಮುಂದೆ ಹೋಗ್ಲಿಕ್ಕಿಲ್ಲ.” ಭಾವ ಕನ್ನಡಕ ತೆಗೆದು ಒರೆಸಿದರು. “ನೀನು ಇಲ್ಲಿಗೆ ಬಂದ ಮೇಲೆ ಅಜ್ಜ ನನ್ನನ್ನು ಕೂರಿಸಿ ಎಲ್ಲ ಹೇಳಿದ್ರು. ‘ಇದು ಅವನಿಗೆ. ಅವ ಸ್ವಲ್ಪ ಓಡುವ ಜಾತಿ. ನಿಂತ ದಿನ ಮುಟ್ಟಿಸಿ. ಅವ ಹೂಂ ಹೇಳಿದ ಮೇಲೆ ಮುಂದಿನದ್ದು’ ಅಂದ್ರು. ನೀನು ಒಂದು ಹೂಂ ಹೇಳ್ಲಿಲ್ಲ. ನಾನು ಒಂದನೇ ಕತೆಯಲ್ಲೇ ನಿಂತಿದ್ದೇನೆ ಮಾರಾಯ!”

ಇಷ್ಟು ವರ್ಷ ಯಾರನ್ನು ಕಳ್ಳ ಎಂದು ಬೈದುಕೊಳ್ಳುತ್ತಿದ್ದೆನೋ, ಅವರು ನನ್ನ ಬಾಗಿಲಲ್ಲೇ ನನ್ನ ಗಂಟು ಹಿಡಿದು ನಿಂತಿದ್ದರು.

“ಇದನ್ನು ಮೊದಲೇ ಹೇಳ್ಬಹುದಿತ್ತಲ್ಲ ಭಾವ?”

“ಹೇಳಿ ಹೂಂ ಹಾಕಿಸ್ಲಿಕ್ಕೆ ಇಲ್ಲ. ಆಚೆಯವ ತಾನಾಗಿ ಈಚೆ ನೋಡ್ಬೇಕು.”

“ಇನ್ನು ಎಷ್ಟು ಉಂಟು?”

“ಹನ್ನೊಂದು.”

ಹನ್ನೊಂದು! ಅಜ್ಜ ಇನ್ನೂ ಹನ್ನೊಂದು ಕತೆಯಷ್ಟು ಉಳಿದಿದ್ದರು. ನಾನು ಕೂತೆ. ಎ.ಸಿ.ಯನ್ನಲ್ಲ, ಭಾವನ ಮುಖವನ್ನು ನೋಡಿ, ಬಹಳ ಕಷ್ಟದಿಂದ, “ಹೂಂ” ಎಂದೆ.

ಭಾವ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಎರಡನೆಯದನ್ನು ಶುರುಮಾಡಿದರು. ಅಜ್ಜ ತಮ್ಮ ಅಜ್ಜನ ಮಾತು ಕೇಳದೆ, ಮನೆಯಲ್ಲಿ ಯಾರಿಗೂ ಹೇಳದೆ ಓಡಿಹೋಗಿ ಬ್ರಿಟಿಷರ ಪಟಾಲಂ ಸೇರಿದ ಕತೆ! ಅಂತೂ ಓಡುವ ಜಾತಿ ಎಲ್ಲಿಂದ ಬಂದದ್ದೆಂದು ತಿಳಿಯಿತು. ಅಕ್ಕ ಬಟ್ಟಲು ಕೆಳಗಿಟ್ಟು ಕೂತಳು, ಮಗಳು ಬಂದು ನನ್ನ ಪಕ್ಕ ಕೂತಳು. ಅಜ್ಜ ಹಡಗು ಹತ್ತಿದರು, ಬೊಂಬಾಯಿ ಮರೆಯಾಯಿತು, ಕತೆ ಮುಗಿಯಿತು. ಭಾವ ನನ್ನ ಮುಖ ನೋಡುತ್ತ ಕಾದರು.

ನಾನು ‘ಹೂಂ’ ಎನ್ನಲಿಲ್ಲ. ಬೇಕೆಂದೇ. ಭಾವ ನಕ್ಕು ಮತ್ತೆ ಮೊದಲಿನಿಂದ ಹೇಳತೊಡಗಿದರು.