ಆನ್‌ಲೈನ್ ಸರ್ವೇಯೂ ನಮ್ಮ ಮನೆಯ ಕಾಂಪೌಂಡೂ

ಮನುಷ್ಯ ಸುಳ್ಳು ಹೇಳಬಹುದು, ಅಳತೆ ಸುಳ್ಳು ಹೇಳುವುದಿಲ್ಲ. ಸಿವಿಲ್ ಎಂಜಿನಿಯರಿಂಗ್ ಮೇಷ್ಟ್ರಾದ ನಾನು ಪ್ರತಿ ವರ್ಷ ಹೊಸ ಬ್ಯಾಚಿಗೆ ಮೊದಲ ದಿನ ಹೇಳುವ ಮಾತಿದು. ಉದಾಹರಣೆಗೆ ಚಿಕ್ಕಬಾಣಾವರದಲ್ಲಿ ನಾನೇ ನಿಂತು ಕಟ್ಟಿಸಿದ ಮನೆಯನ್ನು ಕೊಡುತ್ತಿದ್ದೆ. ಬೇಕಿದ್ದರೆ ಹೋಗಿ ಅಳೆದು ನೋಡ್ರಿ, ಒಂದು ಇಂಚು ಆಚೆ ಈಚೆ ಇದ್ದರೆ ಬಂದು ಕೇಳ್ರಿ ಎನ್ನುತ್ತಿದ್ದೆ. ಇದುವರೆಗೆ ಯಾರೂ ಹೋಗಿ ಅಳೆದಿರಲಿಲ್ಲ. ಮೇಷ್ಟ್ರ ಮಾತನ್ನು ಪರೀಕ್ಷಿಸಿ ನೋಡುವಷ್ಟು ಆಸಕ್ತಿ ವಿದ್ಯಾರ್ಥಿಗಳಿಗೆ ಇರುವುದಿಲ್ಲ ಎಂಬುದೇ ನಮ್ಮ ವೃತ್ತಿಗಿರುವ ದೊಡ್ಡ ಭದ್ರತೆ.

ಆಮೇಲೆ ಕೊರೊನಾ ಬಂತು. ಕಾಲೇಜಿಗೆ ಬೀಗ ಬಿತ್ತು, ಪಾಠ ಮೊಬೈಲಿಗೆ ಬಂತು. ನಲವತ್ತು ಜನ ವಿದ್ಯಾರ್ಥಿಗಳು ನಲವತ್ತು ಕಪ್ಪು ಚೌಕಗಳಾದರು. ಹಾಜರಿ ಕೂಗಿದರೆ ಕೆಲವು ಚೌಕಗಳಿಂದ "ಪ್ರೆಸೆಂಟ್ ಸರ್" ಎಂದು ಬರುತ್ತಿತ್ತು, ಕೆಲವು ಚೌಕಗಳಿಂದ ಕುಕ್ಕರಿನ ಸೀಟಿ ಬರುತ್ತಿತ್ತು. ನಾನು ಎರಡಕ್ಕೂ ಹಾಜರಿ ಹಾಕುತ್ತಿದ್ದೆ. ಚೇತನ್ ಎಂಬವನ ಚೌಕದಿಂದ ಮಾತ್ರ ಏನೂ ಬರುತ್ತಿರಲಿಲ್ಲ. ಬೆಳಿಗ್ಗೆ ಕ್ಲಾಸಿಗೆ ಲಾಗಿನ್ ಆಗಿ ಮತ್ತೆ ಮುಸುಕೆಳೆದು ಮಲಗುವುದು ಅವನ ಪದ್ಧತಿ ಎಂದು ಗೆಳೆಯರೇ ಹೇಳಿದ್ದರು.

ಥಿಯರಿ ಹೇಗೋ ಸಾಗಿತು. ಪ್ರಾಕ್ಟಿಕಲ್ ಎಂದಾಗ ಎಲ್ಲ ವಿಭಾಗದವರೂ ಕೈಚೆಲ್ಲಿ ಕೂತರು. ಲ್ಯಾಬ್ ಮಾಡದೆ ಇಂಟರ್ನಲ್ ಅಂಕ ಕೊಡುವಂತಿಲ್ಲ, ಏನು ಮಾಡುತ್ತೀರಿ ಎಂದು ಪ್ರಿನ್ಸಿಪಾಲರು ಆನ್‌ಲೈನ್ ಮೀಟಿಂಗಿನಲ್ಲಿ ಕೇಳಿದಾಗ, ಎಲ್ಲರೂ ಏಕಕಾಲಕ್ಕೆ ಮೈಕ್ ಮ್ಯೂಟ್ ಮಾಡಿಕೊಂಡರು. ನನ್ನದೊಂದೇ ಆನ್ ಇತ್ತು. ಸರ್ವೇ ಪ್ರಾಕ್ಟಿಕಲನ್ನು ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಲೈವ್ ಮಾಡಿ ತೋರಿಸುತ್ತೇನೆ ಎಂದುಬಿಟ್ಟೆ. ಪ್ರಿನ್ಸಿಪಾಲರು ಹಿಗ್ಗಿ, ತಾವೂ ಆ ಕ್ಲಾಸಿಗೆ ಬಂದು ಕೂರುವುದಾಗಿಯೂ, ಚೆನ್ನಾಗಿ ಬಂದಲ್ಲಿ ಇಡೀ ಕಾಲೇಜಿಗೆ ಅದನ್ನೇ ಮಾದರಿಯನ್ನಾಗಿ ಮಾಡುವುದಾಗಿಯೂ ಘೋಷಿಸಿದರು. ಇಷ್ಟು ವರ್ಷದ ಸರ್ವಿಸಿನಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಮಾದರಿ ಎಂದಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಅದು ಬಹಳ ಬೇಕಾಗಿತ್ತು.

ನಾನು ಆರಿಸಿಕೊಂಡದ್ದು ಸುಲಭದ ಪ್ರಯೋಗ. ರಸ್ತೆಯ ನಟ್ಟನಡುವೆ ಉದ್ದಕ್ಕೆ ಅಳತೆಯ ಸರಪಳಿ ಹಾಸಬೇಕು. ಅಲ್ಲಿಂದ ಎರಡೂ ಕಡೆಯ ಕಾಂಪೌಂಡುಗಳು ಎಷ್ಟೆಷ್ಟು ದೂರ ಎಂದು ಟೇಪಿನಲ್ಲಿ ಅಳೆದು ಹೇಳಬೇಕು. ವಿದ್ಯಾರ್ಥಿಗಳು ಆ ಅಳತೆ ಬರೆದುಕೊಂಡು ಮನೆಯಲ್ಲೇ ರಸ್ತೆಯ ನಕ್ಷೆ ಬರೆಯಬೇಕು. ಕಾಲೇಜಿನ ಸ್ಟೋರಿನಿಂದ ಸರಪಳಿ, ಟೇಪು, ಕೆಂಪು ಬಿಳಿ ಪಟ್ಟೆಯ ಕಂಬಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ತಂದೆ.

ಕ್ಯಾಮೆರಾ ಹಿಡಿಯುವ ಕೆಲಸ ನನ್ನ ಹೆಂಡತಿ ಗಿರಿಜಾಳ ಪಾಲಿಗೆ ಬಂತು. ನಾವಿಬ್ಬರೂ ಗದಗಿನ ಕಡೆಯವರು. ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಅವಳ ಭಾಷೆ ಬದಲಾಗಿಲ್ಲ, ದನಿ ತಗ್ಗಿಲ್ಲ. ಮೊಬೈಲನ್ನು ಅಲುಗಾಡಿಸದೆ ಹಿಡಿಯಬೇಕು, ನಡುವೆ ಮಾತಾಡಬಾರದು ಎಂದು ತಾಕೀತು ಮಾಡಿದೆ. ಮೈಕು ಅವಳ ಬಾಯಿಯ ಪಕ್ಕದಲ್ಲೇ ಇರುತ್ತದೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಬೆಳಿಗ್ಗೆ ತಲೆಗೆ ಟೋಪಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ರಸ್ತೆಗಿಳಿದೆ. ಕಂಬ ನೆಟ್ಟೆ, ಸರಪಳಿ ಹಾಸಿದೆ, ಮೊದಲ ಕಾಂಪೌಂಡಿನ ಮೇಲೆ ಅಳೆಯುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಗುರುತು ಕಾಣಿಸುತ್ತಿಲ್ಲ ಸರ್ ಎಂದಿತು ಒಂದು ಚೌಕ. ನಮಗೂ ಕಾಣಿಸುತ್ತಿಲ್ಲ ಎಂದವು ಉಳಿದವು. ಶಿಷ್ಯಂದಿರಲ್ಲಿ ಅಪರೂಪಕ್ಕೆ ಜ್ಞಾನದಾಹ ಕಂಡು ನನಗೆ ಉತ್ಸಾಹ ಉಕ್ಕಿ ಬಂತು. ನಮ್ಮ ಗೇಟಿಗೆ ಬಳಿದು ಉಳಿದಿದ್ದ ಕೆಂಪು ಪೇಂಟಿನ ಡಬ್ಬಿ ತಂದು, ಸಾಲಾಗಿ ಎಲ್ಲರ ಕಾಂಪೌಂಡಿಗೂ ಒಂದೊಂದು ಗೀಟು ಎಳೆದೆ. ಗುರುತು ಬಹಳ ಚೆನ್ನಾಗಿ ಕಾಣಿಸಿತು. ಬರೀ ವಿದ್ಯಾರ್ಥಿಗಳಿಗಲ್ಲ, ಇಡೀ ರಸ್ತೆಗೆ!

ಬೆಂಗಳೂರಿನಲ್ಲಿ ಕಾಂಪೌಂಡಿನ ಮೇಲೆ ಕೆಂಪು ಗುರುತು ಬಿದ್ದರೆ ಏನರ್ಥ ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ರಸ್ತೆ ಅಗಲ ಮಾಡುತ್ತಾರೆ, ಹಿಂದೆಯೇ ಜೆಸಿಬಿ ಬರುತ್ತದೆ. ಗೊತ್ತಿಲ್ಲದೆ ಇದ್ದದ್ದು ಸರ್ವೇ ಕಲಿಸುವ ನನಗೊಬ್ಬನಿಗೆ. ಬಾಗಿಲುಗಳು ಒಂದೊಂದಾಗಿ ತೆರೆದವು. ಮೂಲೆಮನೆಯ ಟೈಲರ್ ಅಂಗಡಿ ಮುಂದಿನ ತಗಡಿನ ಚಪ್ಪರವನ್ನು ಮಡಚಿ ಒಳಗಿಟ್ಟ. ಪಕ್ಕದ ಮನೆಯವರು ಹೂಕುಂಡಗಳನ್ನು ಎಳೆದುಕೊಂಡರು. ಇನ್ನೊಬ್ಬರು ನನಗೆ ಎಳನೀರು ತಂದುಕೊಟ್ಟು, ತಮ್ಮ ಮನೆ ಕಡೆ ಸ್ವಲ್ಪ ನೋಡಿಕೊಳ್ಳಬೇಕು ಎಂದು ಕಣ್ಣಲ್ಲೇ ಹೇಳಿದರು. ಮತ್ತೊಬ್ಬರಂತೂ, ಜೆಸಿಬಿಯವರು ಒಡೆದರೆ ಗ್ರಾನೈಟು ಪುಡಿಯಾಗುತ್ತದೆ, ನಾನೇ ನಿಧಾನವಾಗಿ ತೆಗೆಯುತ್ತೇನೆ ಎಂದು ಹಾರೆ ಹಿಡಿದು ತಮ್ಮ ಮೆಟ್ಟಿಲನ್ನು ತಾವೇ ಕೀಳತೊಡಗಿದರು.

ಎದುರುಮನೆಯ ಮುನಿರಾಜಣ್ಣ ಲುಂಗಿ ಕಟ್ಟಿಕೊಂಡು ಬಂದರು. ಇದೆಲ್ಲ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲಿರುವ ಮನೆತನ ಅವರದು. ನನ್ನ ಮಾಸ್ಕಿನೊಳಗೆ ಇಣುಕುವ ಹಾಗೆ ನೋಡಿ ಗುರುತು ಹಿಡಿದರು.

"ಮೇಷ್ಟ್ರೇ, ನಿಮಗೆ ಈ ಡ್ಯೂಟಿನೂ ಆಕವ್ರಾ?"

ಓಟಿನ ಡ್ಯೂಟಿ, ಜನಗಣತಿ ಡ್ಯೂಟಿ ಎಲ್ಲವೂ ಮೇಷ್ಟ್ರ ತಲೆಗೇ ಬೀಳುವುದನ್ನು ಕಂಡವರಿಗೆ ಈ ಸಂಶಯ ಸಹಜವೇ. ಇದು ಡ್ಯೂಟಿಯಲ್ಲ, ಪಾಠ ಎಂದು ಬಿಡಿಸಿ ಹೇಳಿದೆ. ಹುಡುಗರು ಎಲ್ಲಿ ಎಂದು ಕೇಳಿದರು. ಗಿರಿಜಾಳ ಕೈಯಲ್ಲಿದ್ದ ಮೊಬೈಲು ತೋರಿಸಿದೆ. ಅವರು ಮೊಬೈಲು ನೋಡಿದರು, ಕೆಂಪು ಗುರುತು ನೋಡಿದರು, ನನ್ನನ್ನು ನೋಡಿದರು. ಕೊನೆಗೆ, ಪಾಠವೇ ಆದರೆ ಟೇಪಿನ ಇನ್ನೊಂದು ತುದಿ ತಾವೇ ಹಿಡಿಯುವುದಾಗಿ ಹೇಳಿ ಹಿಡಿದೇಬಿಟ್ಟರು. ಮೋಸ ನಡೆಯದಂತೆ ಕಾಯುವುದು ಅವರ ಉದ್ದೇಶ. ಪ್ರಿನ್ಸಿಪಾಲರಿಗೆ ಇದು ಬೇರೆ ಥರ ಕಂಡಿತು. ಸಮುದಾಯದ ಸಹಭಾಗಿತ್ವ ಅತ್ಯುತ್ತಮ ಎಂದು ಚಾಟಿನಲ್ಲಿ ಬರೆದರು! ಎಂದೂ ಮುಖ ತೋರಿಸದ ಕಪ್ಪು ಚೌಕಗಳೂ ಅಂದು ಒಂದೊಂದಾಗಿ ಕ್ಯಾಮೆರಾ ಆನ್ ಮಾಡಿ, ಕಣ್ಣರಳಿಸಿ ಕೂತವು. ಚೇತನ್‌ನದು ಮಾತ್ರ ಕಪ್ಪಾಗಿಯೇ ಇತ್ತು.

ಅಳತೆ ಶುರುವಾಯಿತು. ನಮ್ಮದು ಮೂವತ್ತು ಅಡಿ ರಸ್ತೆ, ನಡುವಿನಿಂದ ಪ್ರತಿ ಕಾಂಪೌಂಡಿಗೂ ಹದಿನೈದು ಅಡಿ ಇರಬೇಕು. ಮೊದಲ ಮನೆ ಹದಿನೈದು ಅಡಿ. ಎರಡನೆಯದು ಹದಿನೈದು. ಮುನಿರಾಜಣ್ಣನದೂ ಹದಿನೈದು. ಮೆಟ್ಟಿಲು ಕೀಳುತ್ತಿದ್ದವರದೂ ಹದಿನೈದೇ. ಅವರು ಹಾರೆ ಕೆಳಗಿಟ್ಟು, ಕಿತ್ತ ಕಲ್ಲನ್ನೇ ನೋಡುತ್ತಾ ನಿಂತರು. ರಸ್ತೆಯವರ ಮುಖದಲ್ಲಿ ಜೀವ ಬಂತು. ನಾನು ಕ್ಯಾಮೆರಾದ ಕಡೆ ತಿರುಗಿ, ನೋಡಿದಿರಾ, ಅಳತೆ ಸುಳ್ಳು ಹೇಳುವುದಿಲ್ಲ ಎಂದು ಪ್ರಯೋಗವನ್ನು ಮುಗಿಸಲು ಹೊರಟೆ.

"ಎಲ್ಲಾರ್ದೂ ಆಯ್ತು," ಎಂದರು ಮುನಿರಾಜಣ್ಣ. "ನಿಮ್ದು?"

ನಾನೇನು ಹೆದರುವವನೇ? ಸಂತೋಷದಿಂದ ಒಪ್ಪಿದೆ. ಇದು ನಾನು ಕಟ್ಟಿಸಿದ ಮನೆ, ಕರಾರುವಾಕ್ಕಾದ ಅಳತೆ ಹೇಗಿರುತ್ತದೆ ಗಮನಿಸಿ ಎಂದು ಕ್ಲಾಸಿಗೆ ಸೂಚನೆಯನ್ನೂ ಕೊಟ್ಟೆ. ಮುನಿರಾಜಣ್ಣ ತುದಿಯನ್ನು ನಮ್ಮ ಕಾಂಪೌಂಡಿಗೆ ಒತ್ತಿ ಹಿಡಿದರು. ನಾನು ಸರಪಳಿಯ ಹತ್ತಿರ ಬಗ್ಗಿ ಟೇಪು ನೋಡಿದೆ.

ಹದಿಮೂರು.

ಕನ್ನಡಕ ಒರೆಸಿಕೊಂಡು ನೋಡಿದೆ. ಹದಿಮೂರು. ಸರಪಳಿ ಸರಿದಿರಬೇಕು ಎಂದು ಸರಪಳಿ ನೋಡಿದೆ, ನೆಟ್ಟಗಿತ್ತು. ಮುನಿರಾಜಣ್ಣನನ್ನು ಈ ಕಡೆ ಕರೆದು, ನಾನು ಆ ಕಡೆ ಹೋಗಿ, ಟೇಪು ತಿರುಗಿಸಿ ಹಿಡಿದೆ. ಅವರು ಇಡೀ ರಸ್ತೆಗೆ ಕೇಳುವಂತೆ ಹದಿಮೂರು ಎಂದು ಕೂಗಿದರು. ನಲವತ್ತು ವಿದ್ಯಾರ್ಥಿಗಳು, ಒಬ್ಬರು ಪ್ರಿನ್ಸಿಪಾಲರು, ಇಡೀ ಬೀದಿ. ಮಾನ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಮಾಡಲು ಯಾರಿಗೂ ಸಾಧ್ಯವಿರಲಿಲ್ಲ. ಹಳೇ ಟೇಪು, ಜಗ್ಗಿರಬೇಕು ಎಂದು ತಡವರಿಸಿದೆ.

"ಟೇಪೇನೂ ಜಗ್ಗಿಲ್ರೀ," ಎಂದಳು ಗಿರಿಜಾ, ಮೈಕಿನ ಪಕ್ಕದಿಂದ. "ಕಾಂಪೌಂಡ್ ಕಟ್ಟೋ ದಿನ ನೀವು ಪೇಪರ್ ತಿದ್ದಾಕ ಹೋಗಿದ್ರಿ. ಒಳಗ ಸ್ಕೂಟರ್ ಹೊಳ್ಳಂಗಿಲ್ಲ ಅಂತ ನಾನ ಗೌಂಡಿಗೆ ಎರಡು ಫೂಟ್ ಮುಂದ ತೊಗೊ ಅಂದಿದ್ದೆ. ಇಷ್ಟು ವರ್ಷ ಸುಮ್ನಿದ್ದು ಈಗ ಯಾಕ ಅಳಿಯಾಕ ಹೋದ್ರಿ?"

ನಾನೇ ನಿಂತು ಕಟ್ಟಿಸಿದ ಮನೆ! ಮೊಬೈಲಿನಿಂದ ಹತ್ತಾರು ಮನೆಯ ನಗು ಒಟ್ಟಿಗೇ ಬಂತು. ಮುನಿರಾಜಣ್ಣ ಮಾತ್ರ ನಗಲಿಲ್ಲ. ಟೇಪು ಕೆಳಗೆ ಬಿಟ್ಟು, ನೆರೆದವರ ಕಡೆ ತಿರುಗಿ ಗಂಭೀರವಾಗಿ ತೀರ್ಪು ಕೊಟ್ಟರು.

"ಮೊದ್ಲು ತಾವ್ ಒತ್ತುವರಿ ಮಾಡ್ಕಂಡು, ಆಮ್ಯಾಕೆ ನಮ್ಮುನ್ನ ಅಳೆಯಾಕ್ ಬಂದವ್ರೆ. ಇವ್ರು ಪಕ್ಕಾ ಸರ್ಕಾರದೋರೇ ಕಣ್ರಪ್ಪಾ."

ಪ್ರಿನ್ಸಿಪಾಲರು ಮರುದಿನ ಫೋನು ಮಾಡಿದರು. ನನ್ನನ್ನು ಬೈಯಲಿಲ್ಲ. ಕ್ಲಾಸಿನ ರೆಕಾರ್ಡಿಂಗನ್ನು ಜೋಪಾನವಾಗಿ ಇಡಬೇಕೆಂದೂ, ಒತ್ತುವರಿ ಎಂದರೇನು ಎಂದು ಕಲಿಸುವಾಗ ಮುಂದಿನ ಬ್ಯಾಚುಗಳಿಗೆಲ್ಲ ಅದನ್ನೇ ತೋರಿಸಬಹುದೆಂದೂ ಹೇಳಿದರು. ಕೊನೆಗೂ ನಾನು ಮಾದರಿಯಾದೆ. ಕಾಂಪೌಂಡನ್ನು ಎರಡಡಿ ಹಿಂದಕ್ಕೆ ಕಟ್ಟಿಸಿದೆ. ಈಗ ಸ್ಕೂಟರು ಒಳಗೆ ತಿರುಗಲು ಜಾಗವಿಲ್ಲದೆ ರಸ್ತೆಯಲ್ಲೇ ನಿಲ್ಲುತ್ತದೆ, ಸರಿಯಾಗಿ ಆ ಎರಡಡಿಯಲ್ಲಿ.

ವಾರದೊಳಗೆ ನಕ್ಷೆಗಳು ಬಂದವು. ನಲವತ್ತರಲ್ಲಿ ಮೂವತ್ತೊಂಬತ್ತರಲ್ಲಿ ನನ್ನ ಮನೆ ರಸ್ತೆಗೆ ಮೂತಿ ಚಾಚಿಕೊಂಡು ನಿಂತಿತ್ತು. ಹುಡುಗರು ಎಂದೂ ಇಷ್ಟು ಶ್ರದ್ಧೆಯಿಂದ ಬರೆದವರಲ್ಲ. ಕೆಲವರು ಆ ಭಾಗಕ್ಕೆ ಕೆಂಪು ಬಣ್ಣ ತುಂಬಿದ್ದರು, ಒಬ್ಬ ಪಕ್ಕದಲ್ಲಿ ಜೆಸಿಬಿಯನ್ನೂ ಬಿಡಿಸಿದ್ದ.

ಒಂದೇ ಒಂದು ನಕ್ಷೆಯಲ್ಲಿ ನಮ್ಮ ಕಾಂಪೌಂಡು ಉಳಿದ ಮನೆಗಳ ಸಾಲಿನಲ್ಲೇ ನೆಟ್ಟಗೆ, ಮರ್ಯಾದಸ್ಥರ ಹಾಗೆ ನಿಂತಿತ್ತು. ನೋಡಿ ಕಣ್ಣು ತುಂಬಿ ಬಂತು. ಅದು ಚೇತನ್‌ನದು. ಅವನಿಗೆ ಫೋನು ಮಾಡಿ, ಈ ಹದಿನೈದು ಎಲ್ಲಿಂದ ಬಂತಪ್ಪಾ ಎಂದು ಕೇಳಿದೆ.

"ನಾನ್ ಆವತ್ತು ಮಲಗ್ಬಿಟ್ಟಿದ್ದೆ ಸರ್, ಸಾರಿ," ಎಂದ. "ರೀಡಿಂಗ್ಸ್ ಫ್ರೆಂಡ್ಸ್ ಹತ್ರ ಇಸ್ಕೊಂಡೆ. ನಿಮ್ಮನೇದು ಹದಿಮೂರು ಅಂತ ಕಳ್ಸಿದ್ರು. ನೀವು ಕಟ್ಟಿಸಿದ್ ಮನೆ ಹಂಗಿರಲ್ಲ, ಅವ್ರೇ ತಪ್ಪು ಬರ್ಕೊಂಡಿರ್ತಾರೆ ಅಂತ ಹದಿನೈದು ಮಾಡ್ದೆ ಸರ್."

ಇಷ್ಟು ವರ್ಷದ ನನ್ನ ಪಾಠವನ್ನು ಮನಸಾರೆ ನಂಬಿದ ವಿದ್ಯಾರ್ಥಿ ಒಬ್ಬನಾದರೂ ಇದ್ದ. ಆದರೆ ಅಳೆಯದೆ ನಂಬುವುದಕ್ಕೆ ಸರ್ವೇಯಲ್ಲಿ ಅಂಕವಿಲ್ಲ. ಅವನೊಬ್ಬನಿಗೇ ಸೊನ್ನೆ ಹಾಕಿದೆ.