ಮೈದಾನದಲ್ಲಿ ಕುರಿ ನಿಲ್ಲಿಸಿದ ಮ್ಯಾನೇಜರ್

ಮಾಡಿದ ತಪ್ಪನ್ನು ಮುಚ್ಚಿಡುವುದು ಅಂಥ ಕಷ್ಟದ ಕೆಲಸವೇನಲ್ಲ. ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಅಷ್ಟು ಕಲೆ ತಾನಾಗಿ ಬರುತ್ತದೆ. ತರಗತಿಗೆ ತಡವಾಗಿ ಹೋದರೆ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಜೋರಾಗಿ ಬಡಿಯಬೇಕು; ಆಗ ತಡ ಮಾಡಿದವರು ತಾವೇ ಎಂದುಕೊಂಡು ಹುಡುಗರು ಗಪ್ಪಾಗುತ್ತಾರೆ. ಪಾಠ ಮರೆತರೆ, "ಇದನ್ನ ನೀವ ಓದ್ಕೊಂಡ ಬರ್ರಿ, ನಾಳಿ ಕೇಳತೀನಿ," ಎಂದು ಗದರಿಸಬೇಕು. ಆದರೆ ಮಾಡಿದ ತಪ್ಪಿಗೇ ಜನ ಸೇರಿ ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಕರದಂಟಿನ ಡಬ್ಬಿ ಕೊಟ್ಟರೆ ಮುಖವನ್ನು ಯಾವ ಕಡೆ ತಿರುಗಿಸಿಕೊಳ್ಳಬೇಕು ಎಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕಳೆದ ವರ್ಷ ಅದೂ ಆಗಿಹೋಯಿತು. ಶಾಲು ಕಪಾಟಿನಲ್ಲಿದೆ, ಕರದಂಟು ಎರಡೇ ದಿನದಲ್ಲಿ ಮುಗಿಯಿತು, ತಪ್ಪು ಮಾತ್ರ ಎದೆಯ ಮೇಲೆ ಕೂತಿದೆ. ನಿಮ್ಮ ಮುಂದಾದರೂ ಹೇಳಿ ಹಗುರಾಗೋಣ ಎಂದುಕೊಂಡಿದ್ದೇನೆ.

ನಾನು ಗೋಕಾಕದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಫುಟ್‌ಬಾಲಿಗೂ ನನಗೂ ಸಂಬಂಧ ಬಂದದ್ದು ಒಂದು ಸೀಟಿಯಿಂದ. ನಮ್ಮ ದೈಹಿಕ ಶಿಕ್ಷಣದ ಸರ್ ನಿವೃತ್ತರಾದ ದಿನ ಅವರ ಸೀಟಿ ಸ್ಟಾಫ್ ರೂಮಿನ ಮೇಜಿನ ಮೇಲೆ ಉಳಿದುಬಿಟ್ಟಿತ್ತು. ಪಾಪ, ಮರೆತು ಹೋದರೇನೋ, ಓಡಿ ಹೋಗಿ ಕೊಟ್ಟು ಬರೋಣ ಎಂದು ನಾನು ಅದನ್ನು ಕೈಗೆತ್ತಿಕೊಂಡೆ. ಬೇಡದ ಉಪಕಾರಕ್ಕೆ ಹೋದರೆ ಹೀಗೇ. ಅಷ್ಟರಲ್ಲಿ ಪ್ರಾಚಾರ್ಯರು ಒಳಗೆ ಬಂದರು. "ಛಲೋ ಆತ್ ನೋಡ್ರಿ ಬಸವರಾಜ ಸರ. ಹೊಸಾ ಸರ್ ಬರೂತನಾ ಫುಟ್‌ಬಾಲ್ ಟೀಮ್ ನೀವ ನೋಡ್ಕೋರಿ," ಎಂದರು. "ನಾನ್ರಿ? ನನಗೇನ್ ಗೊತ್ತೈತ್ರಿ ಅದರಾಗ?" ಎಂದೆ. "ಗೊತ್ತಿದ್ದಾವ್ರು ಇದ್ದಾಗರೆ ಏನ್ ಗೆದ್ದೀವ್ರಿ?" ಎಂದು ಅವರು ಹೊರಟೇಹೋದರು. ಮಾತಿನಲ್ಲಿ ತಪ್ಪು ಹುಡುಕುವುದು ನನ್ನ ಕಸುಬು, ಆದರೂ ಆ ಮಾತಿನಲ್ಲಿ ನನಗೆ ತಪ್ಪು ಸಿಗಲಿಲ್ಲ. ಹೀಗೆ ನಾನು ತಂಡದ ಮ್ಯಾನೇಜರ್ ಆದೆ.

ನಮ್ಮ ತಂಡ ಆಡುವ ಪದ್ಧತಿ ಬಹಳ ಸರಳವಾಗಿತ್ತು. ಚೆಂಡು ಯಾರ ಕಾಲಿಗೆ ಸಿಕ್ಕರೂ ಅವನು ಅದನ್ನು ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಮೇಲಕ್ಕೆ ಒದೆಯಬೇಕು. ಉಳಿದವರೆಲ್ಲ ಆಕಾಶ ನೋಡುತ್ತ ಅದು ಬೀಳುವ ಕಡೆಗೆ ಓಡಬೇಕು. ಅಲ್ಲಿ ಅವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಬಿದ್ದಿರುವಾಗ ಎದುರಿನವರು ಸಾವಕಾಶವಾಗಿ ಚೆಂಡು ತೆಗೆದುಕೊಂಡು ಹೋಗಿ ಗೋಲು ಹೊಡೆದು ಬರುತ್ತಿದ್ದರು. ನಮ್ಮ ಮೈದಾನದಲ್ಲೇ ಆಟವಿದ್ದರೆ ಚೆಂಡು ಅರ್ಧ ಹೊತ್ತು ಬಾಜೂಕಿನ ಕಬ್ಬಿನ ಹೊಲದಲ್ಲಿರುತ್ತಿತ್ತು. ತರಲು ಹೋದವನು ಕಬ್ಬು ಸಿಗಿಯುತ್ತ ನಿಧಾನಕ್ಕೆ ಹೊರಗೆ ಬರುತ್ತಿದ್ದ. ಆಚೆ ವರ್ಷ ನಾವು ಒಂದೂ ಪಂದ್ಯ ಗೆದ್ದಿರಲಿಲ್ಲ. ಕಳೆದ ವರ್ಷ ಸುತ್ತಲಿನ ಕಾಲೇಜುಗಳ ಕಪ್ಪಿನ ಮೊದಲ ಎರಡು ಪಂದ್ಯಗಳನ್ನೂ ಸೋತೆವು. ಅದರಲ್ಲಿ ಹುಕ್ಕೇರಿಯವರು ಹೊಡೆದದ್ದು ಆರು ಗೋಲು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಹುಡುಗರ ಎದುರಿಗೆ ಮುಖ ಸಪ್ಪಗೆ ಮಾಡಿಕೊಂಡು ಕೂತಿರುತ್ತಿದ್ದೆ. ಒಳಗೊಳಗೆ ನನಗೆ ಸಮಾಧಾನವೇ ಇತ್ತು. ಎಷ್ಟು ಬೇಗ ಸೋತು ಹೊರಬಿದ್ದರೆ ಅಷ್ಟು ಬೇಗ ನನಗೆ ಬಿಡುಗಡೆ.

ಎರಡನೆಯ ಸೋಲಿನ ಮರುದಿನ ಪ್ರಾಚಾರ್ಯರು ತಂಡದ ಕ್ಯಾಪ್ಟನ್ ಲಕ್ಕಪ್ಪನನ್ನೂ ನನ್ನನ್ನೂ ಕರೆಸಿದರು. ಲಕ್ಕಪ್ಪ ತುಕ್ಕಾನಟ್ಟಿಯ ಕುರಿಗಾರರ ಮನೆಯವನು. ಸಣಕಲು ಮೈ, ಮಾತು ಕಡಿಮೆ, ಕಣ್ಣು ಮಾತ್ರ ಎಲ್ಲ ಕಡೆ. "ನೋಡಪಾ, ಈ ವರ್ಷ ಕಪ್ ತಂದ್ರಿ ಅಂದ್ರ ಮೈದಾನ ನಿಮ್ಮದು. ಇಲ್ಲಂದ್ರ ಟೀಮ್ ಬಂದ್. ಮೈದಾನದಾಗ ಗಾಡಿ ನಿಲ್ಲಸಾಕ ಶೆಡ್ ಕಟ್ಟಬೇಕಂತ ಕಮಿಟಿಯವ್ರು ಅನ್ನಾಕತ್ತಾರ," ಎಂದರು ಪ್ರಾಚಾರ್ಯರು. ಉಳಿದ ಎರಡೂ ಪಂದ್ಯ ಗೆದ್ದರೆ ಫೈನಲ್ಲಿಗೆ ಹೋಗುವ ಒಂದು ಸಣ್ಣ ಸಂದು ಇತ್ತು. ಲಕ್ಕಪ್ಪನ ಮುಖ ಬಿಳಿಚಿಕೊಂಡಿತು. ಅವನು, "ದಿನಾ ಮುಂಜಾನಿ ಆರಕ್ಕ ಪ್ರಾಕ್ಟೀಸ್ ಮಾಡತೇವ್ರಿ," ಎಂದ. "ಶಾಭಾಸ್! ಬಸವರಾಜ ಸರ ಮುಂದ ನಿಂತ ಮಾಡಸ್ತಾರ," ಎಂದರು ಪ್ರಾಚಾರ್ಯರು. ಆಗ ಬಿಳಿಚಿಕೊಂಡದ್ದು ನನ್ನ ಮುಖ.

ಇಲ್ಲಿ ನನ್ನ ಬೆಳಗಿನ ನಿದ್ದೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮಂದಿಗೆಲ್ಲ ರಾತ್ರಿ ನಿದ್ದೆ ಬರುತ್ತದೆ. ನನಗೆ ಬರುವುದು ಬೆಳಗಿನ ಐದರಿಂದ ಏಳೂವರೆಯವರೆಗೆ. ಅದಕ್ಕೆ ಮೊದಲಿನದು ಬರೀ ತಯಾರಿ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಹೊತ್ತಿಗೆ ಮುಂಚೆ ಎಬ್ಬಿಸಿ ನೋಡಿದಳು, ನೀರು ಚಿಮುಕಿಸಿ ನೋಡಿದಳು, ಕೊನೆಗೆ ನನ್ನ ಮಂಚವನ್ನು ಬಿಟ್ಟು ಸುತ್ತಲೂ ಕಸ ಗುಡಿಸುವುದನ್ನು ರೂಢಿ ಮಾಡಿಕೊಂಡಳು. ಅಂಥವನು ಐದೂವರೆಗೆ ಎದ್ದು ಕೊರಳಿಗೆ ಸೀಟಿ ಹಾಕಿಕೊಂಡು ಹೊರಟಾಗ ಆಕೆ, "ಏನ್ರಿ, ಮೈಯಾಗ ಆರಾಮ ಐತಿಲ್ಲೋ?" ಎಂದು ಹಣೆ ಮುಟ್ಟಿ ನೋಡಿದಳು. ಮೂರು ದಿನ ಹೋದೆ. ಬಂದ ಹುಡುಗರು ನಾಲ್ಕೇ ಜನ. ಆ ನಾಲ್ವರಿಗಾಗಿ ಕಲ್ಲಿನ ಮೇಲೆ ಕೂತು ತೂಕಡಿಸಿ ಮುಗ್ಗರಿಸುವಾಗ, ದೇವರೇ, ಏನಾದರೂ ಮಾಡಿ ಇದನ್ನು ನಿಲ್ಲಿಸು ಎಂದು ಬೇಡಿಕೊಂಡೆ. ದೇವರು ಸುಮ್ಮನಿದ್ದ. ನಾನೇ ಕೈಹಾಕಬೇಕಾಯಿತು.

ನಾನು ಮಸಗುಪ್ಪಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು. ಪೈರು ತೆಗೆದ ಮೇಲೆ ಬರಿದಾದ ಹೊಲದಲ್ಲಿ ಕುರಿಗಾರರನ್ನು ಕರೆಸಿ ಕೆಲವು ದಿನ ಕುರಿ ನಿಲ್ಲಿಸುವುದು ನಮ್ಮ ಕಡೆಯ ಪದ್ಧತಿ. ಸಂಜೆ ಬಂದ ಹಿಂಡು ಬಿಸಿಲೇರುವತನಕ ಅಲ್ಲೇ ಇರುತ್ತದೆ, ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ, ಕುರಿಗಾರರಿಗೆ ಜೋಳ ಕೊಟ್ಟು ಕಳಿಸುತ್ತೇವೆ. ಇದು ನೆನಪಾದದ್ದೇ ತಡ, ಪ್ರಾಚಾರ್ಯರ ಬಳಿ ಹೋದೆ. "ಮೈದಾನದಾಗ ಒಂದ ಕಡ್ಡಿ ಹುಲ್ಲಿಲ್ರಿ. ಹುಡುಗ್ರು ಬಿದ್ದ ಮೊಣಕಾಲ ಕೆತ್ತಿಸ್ಕೊಳ್ಳಾಕತ್ತಾರ. ಹದಿನೈದ ದಿನ ಕುರಿ ನಿಲ್ಲಸೂಣ್ರಿ, ಹುಲ್ಲ ತಾನ ಬರತೈತಿ," ಎಂದೆ. ನನ್ನ ಕಾಳಜಿ ಕಂಡು ಅವರು ಅಲ್ಲೇ ಒಪ್ಪಿಗೆ ಕೊಟ್ಟರು. ಸಂತೆಯಲ್ಲಿ ಸಿದ್ದಪ್ಪ ಎಂಬ ಕುರಿಗಾರ ಸಿಕ್ಕ. ಹೆಗಲ ಮೇಲೆ ಕಂಬಳಿ, ಬಾಯ್ತುಂಬ ಎಲೆಯಡಿಕೆ. ಅವನಿಗೆ ನಾನು ಬಿಚ್ಚಿಯೇ ಹೇಳಿದೆ: "ಯಜಮಾನ್ರ, ಕುರಿ ಮೈದಾನ ತುಂಬ ನಿಲ್ಲಬೇಕ್ರಿ. ಮುಂಜಾನಿ ಹುಡುಗ್ರಿಗೆ ಚೆಂಡ ಆಡಾಕ ಗೇಣ ಜಾಗಾನೂ ಉಳೀಬಾರ್ದು." ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹೂಂ. ತುಂಬ ನಿಲ್ಲಸೂಣ್ರಿ ಮಾಸ್ತರ," ಎಂದ. ಮಾರನೆಯ ದಿನ ಲಕ್ಕಪ್ಪನಿಗೆ ಹೇಳಿದೆ: "ಏನ್ ಮಾಡೂದಪಾ, ಹುಲ್ಲ ಬರೂಮಟಾ ಪ್ರಾಕ್ಟೀಸ್ ಇಲ್ಲ." ಅವನು "ಆತ್ರಿ ಸರ್" ಎಂದಷ್ಟೇ ಹೇಳಿ ಹೋದ. ನಾನು ಸೀಟಿಯನ್ನು ಮೊಳೆಗೆ ತೂಗುಹಾಕಿ ಹತ್ತು ದಿನ ಸ್ವರ್ಗಸುಖದಲ್ಲಿ ಮಲಗಿದೆ.

ಮೂರನೆಯ ಪಂದ್ಯ ಮೂಡಲಗಿಯಲ್ಲಿತ್ತು. ಇದೇ ಕೊನೆಯ ಪ್ರವಾಸ ಎಂದುಕೊಂಡು ನಾನು ಉತ್ತರಪತ್ರಿಕೆಗಳ ಕಟ್ಟು ತೆಗೆದುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಕೂತೆ. ನಾಲ್ಕು ಪತ್ರಿಕೆ ತಿದ್ದುವಷ್ಟರಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ತಲೆಯೆತ್ತಿ ನೋಡಿದರೆ ಆಕಾಶದಲ್ಲಿ ಚೆಂಡಿಲ್ಲ. ನಮ್ಮ ಹುಡುಗರು ಅದನ್ನು ನೆಲ ಬಿಡಿಸದೆ, ಸಣ್ಣಗೆ ತಟ್ಟಿ, ಇವನಿಂದ ಅವನಿಗೆ, ಅವನಿಂದ ಇವನಿಗೆ ದಾಟಿಸುತ್ತಿದ್ದರು. ಎದುರಿನವರ ಸಂದಿಯಲ್ಲಿ ಹಗುರಾಗಿ ನುಸುಳಿ ಹೋಗುತ್ತಿದ್ದರು. ಎರಡು ಗೋಲಿನಿಂದ ಗೆದ್ದೆವು! ಮೂಡಲಗಿಯ ಸರ್ ನನ್ನ ಕೈಹಿಡಿದು, "ಏನ್ ತಯಾರ ಮಾಡೀರ್ರಿ ಹುಡುಗ್ರನ್ನ!" ಎಂದರು. ನಾನು ನಕ್ಕೆ. ಆ ನಗೆಗೆ ಏನು ಅರ್ಥ ಎಂದು ನನಗೇ ತಿಳಿಯಲಿಲ್ಲ.

ಮರುದಿನ ಮನಸ್ಸು ತಡೆಯದೆ ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಹೋದೆ. ನೋಡಿದರೆ ಇನ್ನೂರು ಮುನ್ನೂರು ಕುರಿ ಮೈದಾನದ ತುಂಬ ನಿಂತಿವೆ, ಮಲಗಿವೆ, ಮೆಲುಕು ಹಾಕುತ್ತಿವೆ. ಅವುಗಳ ನಡುವೆ ನಮ್ಮ ಹನ್ನೊಂದೂ ಹುಡುಗರು ಚೆಂಡು ಆಡುತ್ತಿದ್ದಾರೆ! ಕಂಬಳಿ ಹೊದ್ದ ಸಿದ್ದಪ್ಪ ಗೋಲುಕಂಬಕ್ಕೆ ಒರಗಿ ಕೂತಿದ್ದ. "ಗಬ್ಬದ ಕುರಿ ಅದಾವ್ರಿ ಮಾಸ್ತರ. ಒಂದಕ್ಕ ಚೆಂಡ ಬಡೀತಂದ್ರ ಆವತ್ತಿಗೆ ಚೆಂಡ ನನ್ನ ಕಡೆ ಅಂತ ಹೇಳೇನಿ. ಮೊದಲ ಎರಡ ದಿನ ಹತ್ತ ಮಿನಿಟಿಗೆ ಆಟ ಮುಗೀತು. ಈಗ ನೋಡ್ರಿ, ಹೆಂಗ ಅಗದೀ ಹುಷಾರಿಲೆ ಆಡಾಕತ್ತಾರ," ಎಂದ. ಅಷ್ಟರಲ್ಲಿ ಒಬ್ಬ ಚೆಂಡಿನ ಹಿಂದೆ ಓಡಿದ. ಸಿದ್ದಪ್ಪ ಕೂತಲ್ಲಿಂದಲೇ ಕೂಗಿದ: "ಏ ತಮ್ಮಾ, ಅದರ ಹಿಂದ್ಯಾಕ ಓಡತೀ? ಹಿಂದ ಹತ್ತಿದ್ರ ಕುರಿ ಮತ್ತಿಷ್ಟ ಮುಂದ ಓಡತೈತಿ. ಬಾಜೂಕ ಹೋಗಿ ನಿಂದ್ರು, ತಾನ ಹೊಳ್ಳಿ ಬರತೈತಿ!" ಹುಡುಗ ಬದಿಗೆ ಹೋಗಿ ನಿಂತ. ಚೆಂಡು ಬಂತು. "ಇವ್ರು ಯಾರು ಅಂತ ಕೇಳೇ ಇಲ್ಲಲ್ರಿ ಸರ್. ನಮ್ಮ ಕಾಕಾ," ಎಂದ ಹತ್ತಿರ ಬಂದ ಲಕ್ಕಪ್ಪ. ಆಮೇಲೆ ಬಹಳ ಮರ್ಯಾದೆಯಿಂದ, "ನೀವ್ಯಾಕ ತ್ರಾಸ ತಗೊಂಡ ಬಂದ್ರಿ ಸರ್, ಮಲ್ಕೊಂಡಿದ್ರ ನಡೀತಿತ್ತಲ್ರಿ," ಎಂದ. ಎಂಥ ಒಳ್ಳೆಯ ಹುಡುಗ ಎಂದುಕೊಂಡೆ. ಸಿದ್ದಪ್ಪ ಹಿರಿಯ ಮನುಷ್ಯ, ಸಂತೆಯಲ್ಲಿ ನಾನಾಡಿದ್ದನ್ನು ಹೇಳಿರಲಾರ ಎಂದು ಧೈರ್ಯ ತಂದುಕೊಂಡೆ.

ನಾಲ್ಕನೆಯ ಪಂದ್ಯ ಗೋಕಾಕ ಫಾಲ್ಸಿನಲ್ಲಿ. ಜಲಪಾತದ ಸದ್ದಿನಲ್ಲಿ ರೆಫರಿಯ ಸೀಟಿಯೇ ಸರಿಯಾಗಿ ಕೇಳುತ್ತಿರಲಿಲ್ಲ, ಆದರೂ ನಾನು ಕೂಗಿದ್ದು ಆಚೆ ದಂಡೆಗೂ ಕೇಳಿತಂತೆ. ಕೂಗಬೇಕೆಂದು ಹೋಗಿರಲಿಲ್ಲ. ಉತ್ತರಪತ್ರಿಕೆಯ ಕಟ್ಟನ್ನು ಬಿಚ್ಚಿಯೂ ಇದ್ದೆ. ಲಕ್ಕಪ್ಪ ಗೋಲು ಹೊಡೆದಾಗ ಎದ್ದು ನಿಂತದ್ದು ನಾನೇ ಎಂಬುದು ಪತ್ರಿಕೆಗಳೆಲ್ಲ ಹಾರಿಹೋದ ಮೇಲೆ ಗೊತ್ತಾಯಿತು. ಗೆದ್ದರೆ ಮುಂದಿನ ವರ್ಷವೂ ತಂಡ ಇರುತ್ತದೆ, ತಂಡವಿದ್ದರೆ ಬೆಳಗಿನ ಆರು ಗಂಟೆಯೂ ಇರುತ್ತದೆ. ಇಷ್ಟು ಸರಳ ಲೆಕ್ಕ ತಿಳಿದೂ ತಿಳಿದೂ ನಾನು ಕುಣಿದೆ. ಮನೆಗೆ ಬಂದಾಗ ಹೆಂಡತಿ, "ಸೋತ್ರೇನ್ರಿ? ದನಿ ಯಾಕ ಬಿದ್ದೈತಿ?" ಎಂದಳು. ಗೆದ್ದೆವು ಎಂದು ಸನ್ನೆ ಮಾಡಿ ತೋರಿಸಿದೆ.

ಫೈನಲ್ ಹುಕ್ಕೇರಿಯಲ್ಲಿ, ಹುಕ್ಕೇರಿಯವರ ಮೇಲೆಯೇ. ಸಿದ್ದಪ್ಪನೂ ಹಿಂಡನ್ನು ಹೆಂಡತಿಗೆ ಒಪ್ಪಿಸಿ ಬಂದಿದ್ದ. ಅರ್ಧ ಆಟಕ್ಕೆ ನಾವು ಒಂದು ಗೋಲು ಹಿಂದೆ. ಹುಡುಗರು ಸೋತ ಮುಖದಲ್ಲಿ ಬಂದು ನನ್ನ ಸುತ್ತ ಕೂತರು. ಮ್ಯಾನೇಜರ್ ಅಂದಮೇಲೆ ಏನಾದರೂ ಹೇಳಬೇಕಲ್ಲ! ಬಾಯಿ ತೆರೆದೆ. "ನೀರ ಕುಡೀರಿ," ಎಂದೆ. ನನಗೆ ಗೊತ್ತಿದ್ದ ಫುಟ್‌ಬಾಲ್ ಅಷ್ಟೇ. ಸಿದ್ದಪ್ಪ ಎಲೆಯಡಿಕೆ ಉಗುಳಿ ಬಂದು, "ಅವ್ರು ನಿಮ್ಮನ್ನ ಓಡಿಸ್ಯಾಡಾಕತ್ತಾರ. ಓಡಬ್ಯಾಡ್ರಿ," ಎಂದ. ಎರಡನೆಯ ಅರ್ಧದಲ್ಲಿ ಒಂದು ಗೋಲು ತೀರಿಸಿದೆವು. ಇನ್ನು ನಾಲ್ಕೈದು ನಿಮಿಷ ಉಳಿದಿತ್ತು. ಹುಕ್ಕೇರಿಯವರ ಗೋಲಿನ ಮುಂದೆ ಎರಡೂ ಕಡೆಯವರು ಒಂದೇ ಕಡೆ ಮುತ್ತಿಕೊಂಡರು, ಚೆಂಡು ನಡುವೆ. ಲಕ್ಕಪ್ಪ ಮಾತ್ರ ದೂರದಲ್ಲಿ, ಬದಿಗೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಈ ಹುಡುಗನ ಮೈದಾನ ಹೋಗುತ್ತದೆ, ತಂಡ ಹೋಗುತ್ತದೆ, ಇವನು ನಿಂತು ನೋಡುತ್ತಿದ್ದಾನಲ್ಲ! "ಓಡೋ ಲಕ್ಕಾ! ಒಳಗ ಓಡೋ!" ಎಂದು ಗಂಟಲು ಹರಿಯುವಂತೆ ಚೀರಿದೆ. ಅವನು ಒಮ್ಮೆ ನನ್ನ ಕಡೆ ನೋಡಿದ, ನಿಂತಲ್ಲೇ ನಿಂತ. ಗುಂಪಿನಿಂದ ಚೆಂಡು ತಪ್ಪಿಸಿಕೊಂಡು ಉರುಳಿ ಬಂದು ಅವನ ಕಾಲ ಮುಂದೆಯೇ ನಿಂತಿತು. ಅವನು ಅದನ್ನು ಮೆಲ್ಲಗೆ ಒಳಗೆ ತಳ್ಳಿದ. ನಾನು ಸಿದ್ದಪ್ಪನನ್ನು ತಬ್ಬಿಕೊಂಡು ಅವನ ಕಂಬಳಿಯಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟೆ. ನಾಚಿಕೆಯೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಸನ್ಮಾನದ ದಿನ ಪ್ರಾಚಾರ್ಯರು ಶೆಡ್ಡಿನ ಮಾತು ಕೈಬಿಟ್ಟದ್ದಾಗಿ ಹೇಳಿದರು. ಮೈದಾನ ಉಳಿಯಿತು. ಬಳಿಕ ಅವರು ನನ್ನನ್ನು ಹೊಗಳತೊಡಗಿದರು: ಕುರಿಗಳ ನಡುವೆ ಹುಡುಗರನ್ನು ಆಡಿಸಿ ಕಾಲಿನ ಹಿಡಿತ ಕಲಿಸಿದ ಈ ವೈಜ್ಞಾನಿಕ ತರಬೇತಿ ಎಲ್ಲಿಯೂ ಇಲ್ಲ, ಇದು ಬಸವರಾಜ ಸರ್ ಅವರ ದೂರದೃಷ್ಟಿ ಎಂದರು. ಮೈಕು ನನ್ನ ಕೈಗೆ ಬಂತು. ನಿಜ ಹೇಳಿಬಿಡಬೇಕು ಎಂದೇ ಎದ್ದಿದ್ದೆ. ಎದುರಿಗೆ ಸಿದ್ದಪ್ಪ ಕೂತಿದ್ದ, ಹುಡುಗರು ಕೂತಿದ್ದರು, ಮೊದಲ ಸಾಲಿನಲ್ಲಿ ನನ್ನ ಹೆಂಡತಿ ಹೊಸ ಸೀರೆ ಉಟ್ಟು ಕೂತಿದ್ದಳು. "ಎಲ್ಲವನ್ನೂ ಮೊದಲೇ ಯೋಚಿಸಿ ಮಾಡಿದ್ದೆವು," ಎಂದೆ. ಚಪ್ಪಾಳೆ ಬಿದ್ದವು. ಹುಡುಗರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಸಭೆ ಮುಗಿದ ಮೇಲೆ ತಡೆಯಲಾಗದೆ ಲಕ್ಕಪ್ಪನನ್ನು ಬದಿಗೆ ಕರೆದೆ. "ಲಕ್ಕಪ್ಪಾ, ಆ ಕುರಿ ನಾ ಯಾಕ ತರಿಸಿದ್ದೆ ಅಂದ್ರ..."

"ಪ್ರಾಕ್ಟೀಸ್ ನಿಲ್ಲಸಾಕಲ್ರಿ ಸರ್?"

ನಾನು ಹೊದ್ದಿದ್ದ ಶಾಲನ್ನು ತೆಗೆದು ಮಡಚತೊಡಗಿದೆ.

"ಕಾಕಾ ಸಂತಿಯಿಂದ ಬಂದಾವ್ರ ನನಗ ಹೇಳಿದ್ರು ಸರ್," ಎಂದ ಅವನು, ಒಂದಿಷ್ಟೂ ಸಿಟ್ಟಿಲ್ಲದೆ. "ನಾ ಎಲ್ಲಾ ಹುಡುಗ್ರಿಗೂ ಹೇಳಿದ್ನಿ. ಅಲ್ಲಿತನಾ ನಾಕ ಮಂದಿ ಅಷ್ಟ ಬರತಿದ್ರಲ್ರಿ? ಸರ್ ನಮ್ಮನ್ನ ನಿಲ್ಲಸಾಕ ಕುರಿ ತರಿಸ್ಯಾರ ಅಂದ ಕೂಡಲೆ ಹನ್ನೊಂದೂ ಮಂದಿ ಐದೂವರಿಗೆ ಬಂದ ನಿಂತ್ರು. ಖರೆ ಹೇಳಬೇಕಂದ್ರ ನಿಮ್ಮ ಮ್ಯಾಲಿನ ಸಿಟ್ಟಿಗೇ ಗೆದ್ದೇವ್ರಿ. ಮುಂದಿನ ವರ್ಷ ಹೊಸಾ ಸರ್ ಬರತಾರಂತ. ಅವ್ರು ಬ್ಯಾಡ, ನೀವ ಇರಬೇಕಂತ ನಾವೆಲ್ಲಾ ಸಹಿ ಮಾಡಿ ಅರ್ಜಿ ಕೊಟ್ಟೇವಿ."

"ಇಷ್ಟೆಲ್ಲಾ ಗೊತ್ತಾಗಿಯೂ ನಾನ ಯಾಕೋ ಬೇಕು?"

"ಛಲೋ ಸರ್ ಬಂದ್ರ ನಮಗ ಹಟಾ ಎಲ್ಲಿಂದ ಬರಬೇಕ್ರಿ?" ಎಂದು ಅವನು ನನ್ನ ಕಾಲು ಮುಟ್ಟಿ ನಮಸ್ಕರಿಸಿದ.

ವಿದ್ಯಾರ್ಥಿಗಳಿಗೆ ನನ್ನ ಮೇಲಿರುವ ಪ್ರೀತಿ ಕಂಡು ಪ್ರಾಚಾರ್ಯರು ಆ ಅರ್ಜಿಯನ್ನು ಅಂದೇ ಮಂಜೂರು ಮಾಡಿದರು. ಈಗ ದಿನಾ ಐದಕ್ಕೇ ಎಚ್ಚರವಾಗುತ್ತದೆ. ಹುಡುಗರಿಗೆ ಈ ವರ್ಷ ಹೊಸದಾಗಿ ಏನು ಅಡ್ಡಿ ಮಾಡಲಿ ಎಂದು ಹಾಸಿಗೆಯಲ್ಲಿ ಎದ್ದು ಕೂತು ಯೋಚಿಸುತ್ತೇನೆ. ಆದರೆ ಅವರು ಗೆಲ್ಲಲಿ ಎಂಬ ಆಸೆ ಹುಟ್ಟಿಬಿಟ್ಟಿದೆ ನೋಡಿ, ಎಷ್ಟು ತಿಣುಕಿದರೂ ಆವತ್ತಿನಷ್ಟು ಮನಸ್ಸಿಟ್ಟು ಕೆಡಿಸಲು ನನ್ನಿಂದ ಆಗುತ್ತಿಲ್ಲ.