ನಾಲ್ಕು ತಾಲ್ಲೂಕಿನ ಸಂಸಾರಸ್ಥ

ನಮ್ಮ ಚಿಕ್ಕಪ್ಪ ನಾಲ್ಕು ತಾಲ್ಲೂಕಿನಲ್ಲಿ ಸಂಸಾರ ಇಟ್ಟಿದ್ದಾರೆ. ಹುಬ್ಬೇರಿಸಬೇಡಿ, ಪೂರ್ತಿ ಕೇಳಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ಕಡೆಯ ಯಾವ ಊರಿಗಾದರೂ ಹೋಗಿ, ಯಾರ ಮನೆಯ ನಡುಮನೆಗಾದರೂ ಕಾಲಿಡಿ, ಗೋಡೆಯ ಮೇಲೆ ಅವರು ಕೂಡಿಸಿದ ಸಂಸಾರವೊಂದು ಕಟ್ಟು ಹಾಕಿಸಿಕೊಂಡು ಕೂತಿರುತ್ತದೆ. ಮುಂದಿನ ಕುರ್ಚಿಗಳಲ್ಲಿ ಅಜ್ಜ ಅಜ್ಜಿ, ಹಿಂದೆ ಮಕ್ಕಳು ಸೊಸೆಯಂದಿರು, ನೆಲದ ಮೇಲೆ ಮೊಮ್ಮಕ್ಕಳ ಸಾಲು, ಅದರಲ್ಲೊಂದು ಬಾಯಿ ಬಿಟ್ಟು ಅಳುತ್ತಿರಲೇಬೇಕು! ಇಷ್ಟೊಂದು ಸಂಸಾರ ಕೂಡಿಸಿದ ಈ ಮಹಾನುಭಾವರು ಮಾತ್ರ ಮದುವೆಯಿಲ್ಲದೆ, ಮಧುಗಿರಿಯ ಬೆಟ್ಟದ ಬುಡದ ಗಲ್ಲಿಯಲ್ಲಿ ಕೆಳಗೆ ಸ್ಟುಡಿಯೋ, ಮೇಲೆ ಒಂದು ಕೋಣೆ ಮಾಡಿಕೊಂಡು, ಒಂದು ತಟ್ಟೆ ಒಂದು ಲೋಟದಲ್ಲಿ ಅರವತ್ತೈದು ವರ್ಷ ದಾಟಿದ್ದಾರೆ.

ಎಲ್ಲರ ಕೈಯಲ್ಲೂ ಮೊಬೈಲು ಬಂದಮೇಲೆ ಸ್ಟುಡಿಯೋಗೆ ಬರುವವರು ಕಡಿಮೆಯಾದರು. ಚಿಕ್ಕಪ್ಪ ಅದಕ್ಕೆಲ್ಲ ಜಗ್ಗುವ ಆಸಾಮಿಯಲ್ಲ. "ಅವ್ರು ಬರಲ್ವಾ, ನಾವೇ ಹೋಗಾನ" ಎಂದು ಮೊಪೆಡ್ ಹತ್ತಿದರು. ನಾನು ಕೊರಟಗೆರೆಯಲ್ಲಿ ಮೇಷ್ಟ್ರಗಿತ್ತಿ. ಮದುವೆ ನನಗೂ ಕೂಡಿಬರಲಿಲ್ಲ, ಆ ಕಥೆಯಲ್ಲಿ ನಗು ಕಡಿಮೆ, ಬಿಡಿ. ಭಾನುವಾರ ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ನಾನೂ ಹಿಂದೆ ಕೂರುತ್ತಿದ್ದೆ. ನನ್ನ ಕೆಲಸ ಥರ್ಮಾಕೋಲ್ ಹಿಡಿಯುವುದು. ಬಿಸಿಲನ್ನು ಜನರ ಮುಖಕ್ಕೆ ತಿರುಗಿಸಲು ಒಂದಾಳೆತ್ತರದ ಥರ್ಮಾಕೋಲ್ ಹಲಗೆ ಬೇಕೇ ಬೇಕು ಅವರಿಗೆ. ಅದನ್ನು ಅಪ್ಪಿಕೊಂಡು ಮೊಪೆಡ್ಡಿನ ಹಿಂದೆ ಕೂತು ಪಾವಗಡದ ಬಯಲುಗಾಳಿಗೆ ಸಿಕ್ಕಿದ್ದೀರಾ? ನಾನು ಸಿಕ್ಕಿದ್ದೇನೆ. ನಾವು ಮುಂದಕ್ಕೆ ಹೋಗುತ್ತಿದ್ದೆವೋ ಮೇಲಕ್ಕೆ ಹೋಗುತ್ತಿದ್ದೆವೋ ನನಗಂತೂ ತಿಳಿಯಲಿಲ್ಲ.

ಫೋಟೋ ತೆಗೆಯುವುದರಲ್ಲಿ ಅವರದು ಎಲ್ಲ ತಿರುಗುಮುರುಗು. ಬೇರೆಯವರು "ನಗಿ, ನಗಿ" ಎಂದು ಗೋಗರೆಯುತ್ತಾರೆ. ಚಿಕ್ಕಪ್ಪ ಕಣ್ಣು ಕೆಂಪು ಮಾಡಿ, "ಯಾರೂ ನಗಂಗಿಲ್ಲ! ಹಲ್ಲು ಕಾಣಿಸಿದ್ರೆ ನಾನು ತಗಿಯಾಕಿಲ್ಲ" ಎಂದು ಗದರುತ್ತಾರೆ. ಹಾಗೆಂದಕೂಡಲೇ ಒಬ್ಬಳು ಕಿಸಕ್ಕೆನ್ನುತ್ತಾಳೆ, ಅವಳನ್ನು ನೋಡಿ ಇನ್ನೊಬ್ಬಳು, ಆಮೇಲೆ ಇಡೀ ಮನೆ. ಕ್ಲಿಕ್! ಈ ತಂತ್ರ ಕೈಕೊಟ್ಟದ್ದು ಒಂದೇ ಸಲ, ಶಿರಾದಲ್ಲಿ. ಇಪ್ಪತ್ತಮೂರು ಜನರ ತುಂಬುಮನೆ, ಮನೆಗೆ ಯಜಮಾನರಾದ ಹಿರಿಯ ಸಾಹೇಬರು ಮಧ್ಯದಲ್ಲಿ. ಚಿಕ್ಕಪ್ಪ ಗದರಿದ್ದೇ ತಡ, ಸಾಹೇಬರು ಹಿಂದಕ್ಕೆ ತಿರುಗಿ, "ಸುನೋ ಸಬ್! ಹಸ್ನಾ ನಕ್ಕೋ!" ಎಂದು, ಯಾರೂ ನಗಕೂಡದೆಂದು ಅಪ್ಪಣೆ ಮಾಡಿಬಿಟ್ಟರು. ಮುಗಿಯಿತು! ಇಪ್ಪತ್ತಮೂರು ಮುಖಗಳೂ ಕೋರ್ಟಿನಲ್ಲಿ ತೀರ್ಪಿಗೆ ಕಾದವರಂತೆ ಬಿಗಿದುಕೊಂಡವು, ತೊಟ್ಟಿಲ ಕೂಸೂ ಸೇರಿ.

"ಒಸಿ ನಗಿ ಸಾಹೇಬ್ರೇ" ಎಂದು ಚಿಕ್ಕಪ್ಪ ಬೇಡಿಕೊಂಡರು.

"ಅರೇ ಭಾಯ್, ಆಗ ನಗಬೇಡಿ ಅಂದ್ರಿ, ಈಗ ನಗಿ ಅಂತೀರಿ. ಯಾವ್ದಾದ್ರೂ ಒಂದು ಮಾತು ಪಕ್ಕಾ ಹೇಳಿ!"

ಆಗ ಚಿಕ್ಕಪ್ಪನಿಗೇ ನಗು ಬಂತು. ಅವರು ನಕ್ಕದ್ದು ನೋಡಿ ಸಾಹೇಬರಿಗೆ ಬಂತು. ಆ ಫೋಟೋ ಈಗಲೂ ಚಿಕ್ಕಪ್ಪನ ಸ್ಟುಡಿಯೋದಲ್ಲಿದೆ. ಅಷ್ಟು ಚೆನ್ನಾಗಿ ನಕ್ಕ ಸಂಸಾರವನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನು ಕೊಡಿಗೇನಹಳ್ಳಿಯ ಫೋನಿನ ಕಥೆ. "ಸಾ, ನಮ್ ಫ್ಯಾಮಿಲಿ ಫೋಟೋ ತಗೀಬೇಕಿತ್ತು" ಎಂದಿತು ಒಂದು ಗಂಡು ದನಿ. ಎಷ್ಟು ಕುರ್ಚಿ ಬೇಕಾಗುತ್ತವೋ ಏನೋ ಎಂದು ಚಿಕ್ಕಪ್ಪ ವಿಚಾರಿಸಿದರು, "ಫ್ಯಾಮಿಲಿ ಎಂಗೆ, ದೊಡ್ಡದಾ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ದನಿ ತಗ್ಗಿಸಿ, "ಒಸಿ ದಪ್ಪನೇ ಸಾ" ಎಂದಿತು.

ಸರಿ, ಎರಡು ಬೆಂಚು, ಅಗಲದ ಲೆನ್ಸು, ನನ್ನ ಥರ್ಮಾಕೋಲು, ಎಲ್ಲ ಒಂದು ಲಗೇಜ್ ಆಟೋದಲ್ಲಿ ಹೇರಿಕೊಂಡು ಹೋದೆವು. ಅಂಗಳದಲ್ಲಿ ಒಬ್ಬರೇ ಒಬ್ಬರು, ಮುಖಕ್ಕೆ ಪೌಡರ್ ಬಳಿದುಕೊಂಡು ರೇಷ್ಮೆ ಸೀರೆಯುಟ್ಟ ದೊಡ್ಡ ಮೈಯ ಹೆಂಗಸು. ಪಕ್ಕದಲ್ಲಿ ಗಂಡ ಕೈಕಟ್ಟಿ ನಿಂತು, "ಇದೇ ಸಾ ನಮ್ ಫ್ಯಾಮಿಲಿ" ಎಂದ! ನಮ್ಮ ಕಡೆ ಹೆಂಡತಿಯನ್ನು ಹೆಂಡತಿ ಎನ್ನಲು ನಾಚಿಕೊಂಡು ಫ್ಯಾಮಿಲಿ ಎನ್ನುವುದು ಯಾರಿಗೆ ಗೊತ್ತಿಲ್ಲ? ನಲವತ್ತು ವರ್ಷ ಫ್ಯಾಮಿಲಿಗಳ ಮಧ್ಯೆಯೇ ಓಡಾಡಿದ ಚಿಕ್ಕಪ್ಪನಿಗೆ ಮಾತ್ರ ಆ ಅರ್ಥ ಹೊಳೆದಿರಲಿಲ್ಲ. ಆಯಮ್ಮ ಬೆಂಚಿನ ನಡುವೆ ಒಬ್ಬಳೇ ರಾಣಿಯಂತೆ ಕೂತು ಫೋಟೋ ತೆಗೆಸಿಕೊಂಡು, ಮಜ್ಜಿಗೆ ಕೊಡುತ್ತಾ ಕೇಳಿದಳು: "ನಿಮ್ ಫ್ಯಾಮಿಲಿ ಎಲ್ಲೈತೆ ಸಾ?"

"ನಂದು ಫ್ರೇಮಿಗೇ ಬರ್ಲಿಲ್ಲ ಕಣಮ್ಮ" ಎಂದರು ಚಿಕ್ಕಪ್ಪ.

ಎಲ್ಲರೂ ನಕ್ಕೆವು. ಅವರು ಲೋಟ ಎತ್ತಿ ಮಜ್ಜಿಗೆ ಕುಡಿದರು, ಬಹಳ ಹೊತ್ತು ಕುಡಿದರು.

ಮನುಷ್ಯರ ಮುಖದ ವಿಷಯದಲ್ಲಿ ಅವರಿಗೊಂದು ಸಿದ್ಧಾಂತ ಉಂಟು. ಪ್ರತಿ ಮುಖಕ್ಕೂ ಒಂದು ಒಳ್ಳೆಯ ಪಕ್ಕ ಇದ್ದೇ ಇರುತ್ತದೆ, ಅದನ್ನು ಹುಡುಕದವನು ಫೋಟೋದವನೇ ಅಲ್ಲ. ಉಬ್ಬುಹಲ್ಲಿನವಳಿಗೆ ಮಗು ಎತ್ತಿಕೊಳ್ಳಲು ಹೇಳುತ್ತಾರೆ, ಅವಳು ಬಗ್ಗಿ ಮಗುವನ್ನು ನೋಡುವಾಗ ಹಲ್ಲು ಯಾರಿಗೆ ಬೇಕು? ಮೆಳ್ಳೆಗಣ್ಣಿನವರನ್ನು ಪಕ್ಕಕ್ಕೆ ತಿರುಗಿಸಿ, "ಅಗೋ, ಆ ಮರ ನೋಡಪ್ಪ" ಎನ್ನುತ್ತಾರೆ. ಕುಳ್ಳ ಗಂಡಂದಿರಿಗೆ ಇಟ್ಟಿಗೆ. ನಾಲ್ಕು ತಾಲ್ಲೂಕಿನ ಎಷ್ಟು ಗಂಡಂದಿರು ಹೆಂಡತಿಯ ಸೀರೆಯ ನೆರಿಗೆಯ ಮರೆಯಲ್ಲಿ ಇಟ್ಟಿಗೆ ಹತ್ತಿ ನಿಂತಿದ್ದಾರೆಂದು ನಾನು ಬಾಯಿ ಬಿಟ್ಟರೆ ಸಂಬಂಧಗಳೇ ಕೆಟ್ಟಾವು! ರೀಲಿನ ಕಾಲದಲ್ಲಿ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ಲಿನಿಂದ ಗೀಚಿ ಸಿಡುಬಿನ ಕಲೆ ಮಾಯ ಮಾಡುತ್ತಿದ್ದರಂತೆ. ಅವರ ಪೆನ್ಸಿಲ್ಲಿನ ದಯದಿಂದ ಮದುವೆಯಾದವರು ಎಷ್ಟೋ ಜನ.

ಹೋದ ವರ್ಷ ಗೌಡಗೆರೆಯಲ್ಲಿ ಒಂದು ಮನೆಯವರ ಫೋಟೋ ತೆಗೆದರು. ಪ್ರಿಂಟು ಬಂತು. ಮನೆಯವರೆಲ್ಲ ಮಂಜಿನೊಳಗೆ ನಿಂತ ಹಾಗೆ ಮಸುಕು ಮಸುಕು, ಹಿಂದೆ ಜಗಲಿಯ ಮೇಲೆ ಪೇರಿಸಿದ್ದ ಕಡಲೆಕಾಯಿ ಮೂಟೆಗಳು ಮಾತ್ರ ಹೊಲಿಗೆ ಎಣಿಸುವಷ್ಟು ಸ್ಪಷ್ಟ!

"ಏನ್ ಚಿಕ್ಕಪ್ಪಾ ಇದು?"

"ಕಡ್ಲೇಕಾಯೂ ಮನೇದೇ ತಾನೇ" ಎಂದರು. ಆದರೆ ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ. ಕ್ಯಾಮೆರಾ ತಾನಾಗಿ ಫೋಕಸ್ ಮಾಡುವುದನ್ನು ಅವರು ನಂಬುವುದಿಲ್ಲ. ಕಣ್ಣಿಟ್ಟು ತಾವೇ ತಿರುಗಿಸಬೇಕು. ಆ ಕಣ್ಣೇ ಕೈಕೊಡುತ್ತಿದೆ ಎಂದು ನನಗೆ ಹೊಳೆಯಿತು. ಕೈಹಿಡಿದು ತುಮಕೂರಿನ ಕಣ್ಣಿನ ಡಾಕ್ಟರ ಬಳಿ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಬಲಗಣ್ಣಿಗೆ ಬೆಳಕು ಬಿಟ್ಟು ನೋಡಿ, ಪೊರೆ ದಪ್ಪಗೆ ಬಂದಿದೆ, ಆಪರೇಷನ್ ಆಗಬೇಕು ಎಂದರು. "ಪೊರೆ ತೆಗೆದು ಒಳಗೆ ಲೆನ್ಸ್ ಹಾಕ್ತೀವಿ ತಾತ."

ಚಿಕ್ಕಪ್ಪ ನೆಟ್ಟಗೆ ಕೂತರು. "ಲೆನ್ಸಾ? ಎಷ್ಟು ಎಂ.ಎಂ.ದು ತಾಯಿ?"

ಡಾಕ್ಟರಮ್ಮ ನಗುತ್ತಲೇ ಎಡಗಣ್ಣನ್ನೂ ನೋಡಿದರು. ನಗು ನಿಂತಿತು. ನನ್ನ ಕಡೆ ತಿರುಗಿ, "ಈ ಕಣ್ಣಿಗೆ ಹುಟ್ಟಿದಾಗಿನಿಂದಲೂ ದೃಷ್ಟಿ ಇಲ್ಲ, ನಿಮಗೆ ಗೊತ್ತಿಲ್ವಾ?" ಎಂದರು. ಇರುವುದು ಒಂದೇ ಕಣ್ಣು, ಹಾಗಾಗಿ ತುಂಬ ಹುಷಾರಾಗಿ ಮಾಡಬೇಕು, ಬಿಟ್ಟರೆ ಅದೂ ಹೋಗುತ್ತದೆ ಎಂದರು.

ನನಗೆ ಗೊತ್ತಿರಲಿಲ್ಲ! ಸದಾ ಎಡಗಣ್ಣು ಮುಚ್ಚಿಕೊಂಡೇ ಇರುವುದು ಅವರ ಕಸುಬಿನ ಚಾಳಿ ಎಂದುಕೊಂಡಿದ್ದೆ. ಊಟ ಮಾಡುವಾಗಲೂ ಒಂದು ಕಣ್ಣು ಮುಚ್ಚುತ್ತಾರೆ, ಸಾರಿಗೂ ಫೋಕಸ್ ಮಾಡುತ್ತಾರೆ ಎಂದು ಮನೆಯ ಮಕ್ಕಳೆಲ್ಲ ಆಡಿಕೊಂಡಿದ್ದೆವು. ಹೆಚ್ಚು ಆಡಿಕೊಂಡವಳು ನಾನೇ.

ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಅವರಾಗಿಯೇ ಬಾಯಿಬಿಟ್ಟರು. "ಬೇರೆಯವ್ರು ಒಂದು ಕಣ್ಣು ಮುಚ್ಚೋದು ಕಲೀಬೇಕು ಕಣಮ್ಮಣ್ಣಿ. ನಾನು ಕಲ್ತೇ ಹುಟ್ಟಿದ್ದೆ." ವಯಸ್ಸಿನಲ್ಲಿ ಒಮ್ಮೆ ಶಿರಾ ಕಡೆಯ ಒಂದು ಸಂಬಂಧ ಬಂದಿತ್ತಂತೆ. ಹೆಣ್ಣಿನವರು ಗಂಡಿನ ಫೋಟೋ ಕೇಳಿದರು. ಇವರು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಟೈಮರ್ ಒತ್ತಿ, ಎರಡೂ ಕಣ್ಣು ತೆರೆದು ನೇರಕ್ಕೆ ಕೂತು ತೆಗೆದು ಕಳಿಸಿದರು. ಫೋಟೋ ವಾಪಸು ಬಂತು.

"ಊರಿನವ್ರದೆಲ್ಲ ತಿದ್ದಿದ್ಯಲ್ಲ ಚಿಕ್ಕಪ್ಪ, ನಿಂದೊಂದು ಪಕ್ಕಕ್ಕೆ ತಿರುಗಿಸ್ಬಾರ್ದಿತ್ತಾ?"

"ಮದ್ವೆ ಆಗಿ ಬಂದ್ಮೇಲೆ ಅವಳು ದಿನಾ ನೋಡೋದು ಫೋಟೋನಾ? ನನ್ನ ತಾನೇ" ಎಂದರು. ಲೋಟ ಕೆಳಗಿಟ್ಟು, ಆಪರೇಷನ್ ಮಾತ್ರ ಬೇಡ ಎಂದರು. ಮಸುಕಾದರೂ ಇಷ್ಟಾದರೂ ಕಾಣುತ್ತದೆ, ಅಲ್ಲೇನಾದರೂ ಹೆಚ್ಚುಕಮ್ಮಿಯಾದರೆ ಆ ಒಂಟಿ ಕೋಣೆಯಲ್ಲಿ ಕತ್ತಲೆ ಇಟ್ಟುಕೊಂಡು ಏನು ಮಾಡಲಿ ಎಂದು ಕೇಳಿದರು.

ಒಂದು ಭಾನುವಾರ, "ಪಾವಗಡಕ್ಕೆ ಹೋಗ್ಬುಟ್ಟು ಬರಾನ ಬಾ, ನಾ ತೆಗ್ದಿರೋ ಫೋಟೋ ಒಂದ್ಕಿತ ನೋಡ್ಬೇಕು" ಎಂದರು. ಮೊಪೆಡ್ ಓಡಿಸುವುದನ್ನು ಅಷ್ಟರಲ್ಲಿ ಬಿಟ್ಟಿದ್ದರು, ಬಸ್ಸಿನಲ್ಲಿ ಹೋದೆವು. ಕೋಟೆ ಬೆಟ್ಟದ ಕೆಳಗಿನ ಬೀದಿಯ ಮನೆ. ಬಾಗಿಲಲ್ಲಿ ಕೂತಿದ್ದ ಮುದುಕಮ್ಮ ಇವರನ್ನು ಮೇಲಿಂದ ಕೆಳಗೆ ನೋಡಿ, ಆ ಕಡೆಯ ತೆಲುಗು ಬೆರೆಸಿ ಕೇಳಿದಳು:

"ಎವರು ಸ್ವಾಮಿ ನೀವು? ಗುರ್ತು ಸಿಗ್ತಿಲ್ಲ ನಾಯನಾ."

ಫೋಟೋ ತೆಗೆಯುವವನ ಮುಖವನ್ನು ಯಾರು ತಾನೇ ನೋಡಿರುತ್ತಾರೆ? ಅವನ ಮುಖದ ಜಾಗದಲ್ಲಿ ಯಾವಾಗಲೂ ಕ್ಯಾಮೆರಾ ಇರುತ್ತದೆ. ಚಿಕ್ಕಪ್ಪ ಒಂದು ಹೆಜ್ಜೆ ಹಿಂದೆ ಸರಿದು, "ಅಮ್ಮಾ, ಗದ್ದ ಒಂಚೂರು ಕೆಳಕ್ಕೆ" ಎಂದರು. ಮುದುಕಮ್ಮ ಥಟ್ಟನೆ ಸೆರಗು ಎಳೆದುಕೊಂಡು, ಎರಡೂ ಕೈ ಮಂಡಿಯ ಮೇಲಿಟ್ಟು, ನೆಟ್ಟಗೆ ಕೂತುಬಿಟ್ಟಳು! ಆಮೇಲೆ ನಗಾಡುತ್ತಾ, "ಅಯ್ಯೋ, ಫೋಟೋ ಆಯಪ್ಪ ಕದಾ! ರಾ ನಾಯನಾ, ಒಳಕ್ಕೆ ಬಾ" ಎಂದಳು.

ಒಳಗೆ ಹೋದ ಚಿಕ್ಕಪ್ಪ ಸೀದಾ ಬಾಗಿಲ ಎದುರಿನ ಗೋಡೆಯ ಮುಂದೆ ನಿಂತರು. ಬೆರಳಿಟ್ಟು ಒಬ್ಬೊಬ್ಬರನ್ನೇ ಹೇಳತೊಡಗಿದರು. ಇದು ಯಜಮಾನ್ರು, ಇದು ನೀವು, ಇದು ದೊಡ್ಡ ಸೊಸೆ, ಹಸಿರು ಸೀರೆ, ಇದು ಚಿಕ್ಕ ಮಗ, ಅವತ್ತು ಜ್ವರ ಇತ್ತು, ಆದ್ರೂ ನಿಂತ್ಕಂಡ. ಹತ್ತೊಂಬತ್ತು ಜನರಲ್ಲಿ ಒಬ್ಬರನ್ನೂ ಬಿಡಲಿಲ್ಲ. ಮುದುಕಮ್ಮ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಮನೆಗೆ ಬಣ್ಣ ಹೊಡೆಸಿದಾಗ ಫೋಟೋವನ್ನು ಪಕ್ಕದ ಗೋಡೆಗೆ ಹಾಕಿದ್ದರು. ಚಿಕ್ಕಪ್ಪ ಬೆರಳಿಟ್ಟು ತೋರಿಸುತ್ತಿದ್ದದ್ದು ಒಂದು ಕ್ಯಾಲೆಂಡರ್. ಆ ಪುಣ್ಯಾತ್ಗಿತ್ತಿ ತಪ್ಪು ತೋರಿಸದೆ, ಪ್ರತಿ ಹೆಸರಿಗೂ "ಅವುನು ನಾಯನಾ, ಅವುನು" ಎಂದು ಹೌದುಗುಟ್ಟುತ್ತಾ ನಿಂತಳು. ನನಗೆ ಅಳು ತಡೆಯಲಾಗದೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ವಾಪಸು ಬರುವಾಗ ಬಸ್ಸು ಊರು ದಾಟಿದ ಮೇಲೆ ಚಿಕ್ಕಪ್ಪ ಹೇಳಿದರು: "ಅದು ಕ್ಯಾಲೆಂಡರ್ ಅಂತ ಅರ್ಧದಾಗೇ ಗೊತ್ತಾಯ್ತು. ಗಾಳಿಗೆ ಹಾಳೆ ಪಟಪಟ ಅಂತು. ನಡುವೆ ನಿಲ್ಸಾಕೆ ನಾಚ್ಕೆ ಆಯ್ತು, ಎಲ್ರ ಹೆಸ್ರೂ ಹೇಳ್ಬುಟ್ಟೆ." ಕಿಟಕಿಯ ಕಡೆ ತಿರುಗಿ, "ಆ ಡಾಕ್ಟ್ರಮ್ಮಂಗೆ ಫೋನ್ ಮಾಡು" ಎಂದರು.

ಆಪರೇಷನ್ ದಿನ ಆಸ್ಪತ್ರೆಯಲ್ಲಿ ಫಾರಂ ತುಂಬುವ ಹುಡುಗಿ, "ತಾತ, ಜೊತೆಗೆ ಫ್ಯಾಮಿಲಿ ಯಾರು ಬಂದವ್ರೆ?" ಎಂದು ಕೇಳಿದಳು. ಅವರು ತಡವರಿಸುವ ಮೊದಲೇ ನಾನು ಪೆನ್ನು ಕಿತ್ತುಕೊಂಡು ನನ್ನ ಹೆಸರು ಬರೆದೆ. ಚಿಕ್ಕಪ್ಪ ಒಳಗೆ ಹೋಗುವವರೆಗೂ ತಮಾಷೆ ಬಿಡಲಿಲ್ಲ. ಲೆನ್ಸಿನ ಮೇಲೆ ಬೆರಳಚ್ಚು ಬೀಳದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರಿಗೇ ಪಾಠ ಹೇಳಿದರು. ಬಾಗಿಲು ಮುಚ್ಚಿಕೊಂಡ ಮೇಲೆ ನಾನು ಆ ಬೆಂಚಿನಲ್ಲಿ ಒಬ್ಬಳೇ ಕೂತೆ. ಈ ಮುದುಕ ಕುರುಡಾದರೆ ಹೇಗೆ ಎಂಬ ಹೆದರಿಕೆಯ ಜೊತೆಗೆ ಇನ್ನೊಂದು ಹೆದರಿಕೆಯೂ ಇತ್ತು. ನನ್ನ ಭಾನುವಾರಗಳಿಗೆ ಇವರನ್ನು ಬಿಟ್ಟರೆ ಯಾರೂ ಇಲ್ಲ ಎಂಬುದು ಆ ಬೆಂಚಿನಲ್ಲಿ ಕೂತಾಗಲೇ ನನಗೆ ಸರಿಯಾಗಿ ಗೊತ್ತಾದದ್ದು.

ಮಾರನೆಯ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚಿದರು. ಡಾಕ್ಟರಮ್ಮ ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಹೇಳಿದರು. ಚಿಕ್ಕಪ್ಪ ಆ ಕಡೆ ನೋಡಲೇ ಇಲ್ಲ. ಕಿಟಕಿಯ ಬಿಸಿಲಿನಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. ನೋಡಿದರು, ಮತ್ತೆ ನೋಡಿದರು. ಕೊನೆಗೆ ಬಹಳ ಮೆಲ್ಲಗೆ ಕೇಳಿದರು:

"ಅಮ್ಮಣ್ಣಿ, ನಿನ್ ತಲೆ ಯಾವಾಗ ಇಷ್ಟೊಂದು ಬೆಳ್ಳಗಾಯ್ತೇ?"

ನರೆ ಶುರುವಾಗಿ ನಾಲ್ಕು ವರ್ಷವಾಗಿತ್ತು. ಇಷ್ಟು ದಿನ ಯಾರೂ ಕೇಳಿರಲಿಲ್ಲ.